‘ನೀವು ಸದಸ್ಯರಲ್ಲ’ ಎನ್ನುವ ಮೇಲಿಂಗ್ ಲಿಸ್ಟ್‌ನಿಂದ ಹೊರಬರುವುದು ಹೇಗೆ? ಇಮೇಲ್ ಆದೇಶಗಳ ಬಗ್ಗೆ ಒಂದು ಪ್ರಶ್ನೆ

ಪತ್ರಪ್ರಿಯ (ಪ್ರಶ್ನೆ)

ನಾನು ಹಲವು ವರ್ಷಗಳಿಂದ ಮೂರು ತಾಂತ್ರಿಕ ಮೇಲಿಂಗ್ ಲಿಸ್ಟ್‌ಗಳ (ಒಬ್ಬರು ಬರೆದ ಪತ್ರವನ್ನು ಎಲ್ಲ ಸದಸ್ಯರಿಗೂ ಇಮೇಲ್‌ನಲ್ಲಿ ತಲುಪಿಸುವ ಪಟ್ಟಿಗಳ) ಸದಸ್ಯನಾಗಿದ್ದೇನೆ. ಮೊದಲನೆಯದರಿಂದ ಪೂರ್ತಿಯಾಗಿ ಹೊರಬರಬೇಕಾಗಿದೆ. ಎರಡನೆಯದರ ಪತ್ರಗಳನ್ನು ಕೆಲವು ವಾರಗಳ ಮಟ್ಟಿಗೆ ನಿಲ್ಲಿಸಬೇಕು, ಆದರೆ ಸದಸ್ಯತ್ವ ಹಾಗೆಯೇ ಉಳಿಯಬೇಕು. ಮೂರನೆಯದರಿಂದ ಬಿಡಿಬಿಡಿಯಾಗಿ ಬರುವ ಪತ್ರಗಳ ಬದಲು ಎಲ್ಲವೂ ಸೇರಿದ ಡೈಜೆಸ್ಟ್ ಬಂದರೆ ಸಾಕು. ಜಾಲಪುಟದ ಮೂಲಕ ಮಾಡೋಣವೆಂದರೆ ಯಾವುದರ ಪಾಸ್‌ವರ್ಡ್ ಕೂಡ ನೆನಪಿಲ್ಲ. ಆದ್ದರಿಂದ ಎಲ್ಲವನ್ನೂ ಇಮೇಲ್ ಆದೇಶಗಳ ಮೂಲಕವೇ ಮುಗಿಸಲು ಬಯಸುತ್ತೇನೆ.

ಮೊದಲನೆಯ ಲಿಸ್ಟ್‌ನ ಆದೇಶಗಳನ್ನು ಸ್ವೀಕರಿಸುವ ‘ರಿಕ್ವೆಸ್ಟ್’ ವಿಳಾಸಕ್ಕೆ ‘ಅನ್‌ಸಬ್‌ಸ್ಕ್ರೈಬ್’ ಎಂಬ ಒಂದೇ ಪದವನ್ನು ಬರೆದು ಕಳುಹಿಸಿದಾಗ, ಈ ವಿಳಾಸವು ಸದಸ್ಯರ ಪಟ್ಟಿಯಲ್ಲಿ ಇಲ್ಲವೆಂದು ಯಂತ್ರದಿಂದ ಉತ್ತರ ಬಂದಿತು. ಪತ್ರಗಳು ಮಾತ್ರ ಇದೇ ಪೆಟ್ಟಿಗೆಗೆ ಬರುತ್ತಲೇ ಇವೆ. ಸದಸ್ಯನಲ್ಲದವನಿಗೆ ಪತ್ರಗಳು ಹೇಗೆ ಬರುತ್ತಿವೆ? ಆದೇಶದ ಪದವನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗಿತ್ತೇ?

ಹೆಡರ್ ಓದುಗ

ಆದೇಶದ ಪದ ಸರಿಯಾಗಿಯೇ ಇದೆ, ಇಲ್ಲದಿದ್ದರೆ ಯಂತ್ರವು ‘ಈ ಆದೇಶ ಅರ್ಥವಾಗಲಿಲ್ಲ’ ಎನ್ನುತ್ತಿತ್ತು. ತೊಡಕು ಇರುವುದು ನೀವು ಯಾವ ವಿಳಾಸದಿಂದ ಬರೆದಿರಿ ಎಂಬುದರಲ್ಲಿ. ಲಿಸ್ಟ್ ನಡೆಸುವ ತಂತ್ರಾಂಶಕ್ಕೆ ನಿಮ್ಮ ಪರಿಚಯವಿಲ್ಲ, ಅದಕ್ಕೆ ಗೊತ್ತಿರುವುದು ಕಳುಹಿಸಿದವರ ವಿಳಾಸವಿರುವ ‘ಫ್ರಮ್’ ಸಾಲಿನ ಅಕ್ಷರಗಳು ಮಾತ್ರ. ನೀವು ಬಹಳ ಹಿಂದೆ ಬೇರೊಂದು ವಿಳಾಸದಿಂದ ಸೇರಿದ್ದು, ಆ ಪೆಟ್ಟಿಗೆಗೆ ಬರುವ ಪತ್ರಗಳು ಈಗ ತಾವಾಗಿಯೇ ಹೊಸ ಪೆಟ್ಟಿಗೆಗೆ ಫಾರ್ವರ್ಡ್ ಆಗುತ್ತಿದ್ದರೆ, ಪತ್ರ ಪಡೆಯುವ ವಿಳಾಸ ಒಂದು, ಬರೆಯುವ ವಿಳಾಸ ಮತ್ತೊಂದು ಆಗಿಬಿಡುತ್ತದೆ. ಹೆಸರಿನ ಮುಂದೆ ಪ್ಲಸ್ ಚಿಹ್ನೆ ಹಾಕಿ ಬಾಲ ಸೇರಿಸಿದ ವಿಳಾಸವನ್ನು ಕೊಟ್ಟು ಸೇರಿದ್ದರೂ ಫಲಿತಾಂಶ ಇದೇ. ನಿಮ್ಮ ಇಮೇಲ್ ಸೇವೆಗೆ ಆ ಎರಡೂ ಒಂದೇ ಪೆಟ್ಟಿಗೆಯಾದರೂ ಲಿಸ್ಟ್‌ನ ಲೆಕ್ಕದಲ್ಲಿ ಅವು ಇಬ್ಬರು ಬೇರೆ ಬೇರೆ ಸದಸ್ಯರು.

ಸೇರಿರುವ ವಿಳಾಸವನ್ನು ಪತ್ತೆ ಹಚ್ಚಲು ಲಿಸ್ಟ್‌ನಿಂದ ಬಂದ ಒಂದು ಪತ್ರದ ಪೂರ್ಣ ಹೆಡರ್ (ಪತ್ರದ ಒಡಲಿಗಿಂತ ಮೇಲಿರುವ, ವಿಳಾಸ ಮತ್ತು ಸಾಗಿದ ದಾರಿಯ ವಿವರಗಳ ಸಾಲುಗಳು) ತೆರೆಯಿರಿ. ‘ಟು’ ಸಾಲಿನಲ್ಲಿ ಸಾಮಾನ್ಯವಾಗಿ ಲಿಸ್ಟ್‌ನ ವಿಳಾಸವೇ ಇರುವುದರಿಂದ ಅದರಿಂದ ಪ್ರಯೋಜನವಿಲ್ಲ. ‘ರಿಸೀವ್ಡ್’ ಎಂಬ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ, ಏಕೆಂದರೆ ಪ್ರತಿಯೊಂದು ಸರ್ವರ್ ತನ್ನ ಮುದ್ರೆಯನ್ನು ಹಿಂದಿನದರ ಮೇಲೆ ಒತ್ತುತ್ತಾ ಹೋಗುತ್ತದೆ. ಲಿಸ್ಟ್‌ನ ಸರ್ವರ್ ಪತ್ರವನ್ನು ಹೊರಗೆ ಕಳುಹಿಸಿದ ನಂತರದ ಸಾಲುಗಳಲ್ಲಿ ‘ಫಾರ್’ ಎಂಬುದರ ಮುಂದೆ ಯಾವ ವಿಳಾಸವಿದೆಯೋ ಅದೇ ಬಹುಶಃ ನಿಮ್ಮ ಸದಸ್ಯತ್ವದ ವಿಳಾಸ. ಎಲ್ಲ ಸರ್ವರ್‌ಗಳೂ ಇದನ್ನು ಬರೆಯುವುದಿಲ್ಲ. ಆಗ ‘ಡೆಲಿವರ್ಡ್-ಟು’ ಸಾಲುಗಳನ್ನೂ ‘ರಿಟರ್ನ್-ಪಾತ್’ ಸಾಲನ್ನೂ ನೋಡಿ. ಕೆಲವು ಲಿಸ್ಟ್‌ಗಳು ತಲುಪದ ಪತ್ರ ಯಾರದೆಂದು ತಿಳಿಯುವ ಸಲುವಾಗಿ ಸದಸ್ಯನ ವಿಳಾಸವನ್ನೇ ರಿಟರ್ನ್-ಪಾತ್‌ನೊಳಗೆ ಹೆಣೆಯುತ್ತವೆ, ಅಲ್ಲಿ ಅಟ್ ಚಿಹ್ನೆಯ ಜಾಗದಲ್ಲಿ ಸಮ ಚಿಹ್ನೆ ಇರುತ್ತದೆ.

ಪಟ್ಟಿಪಾಲಕ

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ಕೆಲವು ಲಿಸ್ಟ್‌ಗಳನ್ನು ನಿರ್ವಹಿಸುವವನಾಗಿ ಒಂದು ವಿಷಯವನ್ನು ಸೇರಿಸುತ್ತೇನೆ: ಎಲ್ಲ ಲಿಸ್ಟ್‌ಗಳಿಗೂ ಸಲ್ಲುವ ಒಂದೇ ಆದೇಶ ಎಂಬುದು ಇಲ್ಲ. ಆದ್ದರಿಂದ ನಿಮ್ಮ ಮೂರೂ ಲಿಸ್ಟ್‌ಗಳು ಯಾವ ತಂತ್ರಾಂಶದಲ್ಲಿ ನಡೆಯುತ್ತಿವೆ ಎಂಬುದನ್ನು ಮೊದಲು ತಿಳಿಯಬೇಕು.

ಹಳೆಯ ಪದ್ಧತಿಯಲ್ಲಿ ಒಂದು ಸರ್ವರ್‌ನ ಎಲ್ಲ ಲಿಸ್ಟ್‌ಗಳಿಗೂ ಆದೇಶ ಸ್ವೀಕರಿಸುವ ವಿಳಾಸ ಒಂದೇ. 1986ರಲ್ಲಿ ಎರಿಕ್ ಥಾಮಸ್ ವಿಶ್ವವಿದ್ಯಾಲಯಗಳ ಹಳೆಯ ಕಂಪ್ಯೂಟರ್ ಜಾಲವಾದ ಬಿಟ್‌ನೆಟ್‌ಗಾಗಿ ಬರೆದ ಲಿಸ್ಟ್‌ಸರ್ವ್ ಹಾಗೂ 1992ರಲ್ಲಿ ಬ್ರೆಂಟ್ ಚಾಪ್‌ಮನ್ ಬರೆದ ಮೇಜರ್‌ಡೋಮೋ ಈ ಬಗೆಯವು. ಇವೆರಡೂ ಸಬ್ಜೆಕ್ಟ್ ಸಾಲನ್ನು ಕಡೆಗಣಿಸುತ್ತವೆ, ಆದೇಶವು ಪತ್ರದ ಒಡಲಿನಲ್ಲಿಯೇ ಇರಬೇಕು ಮತ್ತು ಅದರಲ್ಲಿ ಲಿಸ್ಟ್‌ನ ಹೆಸರೂ ಇರಬೇಕು. ಮೇಜರ್‌ಡೋಮೋದಲ್ಲಿ ಹೊರಬರುವ ಪದ ‘ಅನ್‌ಸಬ್‌ಸ್ಕ್ರೈಬ್’ ಆದರೆ ಲಿಸ್ಟ್‌ಸರ್ವ್‌ನಲ್ಲಿ ಅದು ‘ಸೈನ್‌ಆಫ್’.

ಗ್ನು ಮೇಲ್‌ಮನ್ ಮತ್ತೊಂದು ಬಗೆಯದು. ಅಲ್ಲಿ ಪ್ರತಿ ಲಿಸ್ಟ್‌ಗೂ ಅದರದೇ ಆದ ಉಪವಿಳಾಸಗಳಿರುತ್ತವೆ: ಲಿಸ್ಟ್‌ನ ಹೆಸರಿನ ಮುಂದೆ ಹೈಫನ್ ಹಾಕಿ ‘ಜಾಯಿನ್’, ‘ಲೀವ್’, ‘ರಿಕ್ವೆಸ್ಟ್’, ‘ಓನರ್’ ಎಂದು ಸೇರಿಸಬೇಕು. ‘ಲೀವ್’ ವಿಳಾಸಕ್ಕೆ ಖಾಲಿ ಪತ್ರ ಕಳುಹಿಸಿದರೂ ಸಾಕು. ‘ರಿಕ್ವೆಸ್ಟ್’ ವಿಳಾಸವು ಸಬ್ಜೆಕ್ಟ್ ಸಾಲನ್ನೂ ಒಡಲನ್ನೂ ಓದುತ್ತದೆ. ‘ಓನರ್’ ಎಂಬಲ್ಲಿ ಮಾತ್ರ ಮನುಷ್ಯರು ಇರುತ್ತಾರೆ, ಬೇರೆ ದಾರಿ ಕಾಣದಿದ್ದಾಗ ಅಲ್ಲಿಗೆ ಬರೆಯಲು ಸಂಕೋಚ ಬೇಡ. ಡಿ. ಜೆ. ಬರ್ನ್‌ಸ್ಟೈನ್ ಅವರ ಈಜ಼ಡ್‌ಎಂಎಲ್‌ಎಂ ಕೂಡ ಆದೇಶವನ್ನು ವಿಳಾಸದಲ್ಲಿಯೇ ಇಡುತ್ತದೆ. ಗೂಗಲ್ ಗ್ರೂಪ್ಸ್ ಮತ್ತು ಎಂಎಲ್‌ಎಂಎಂಜೆ ಹೈಫನ್ ಬದಲು ಪ್ಲಸ್ ಚಿಹ್ನೆಯನ್ನು ಬಳಸುತ್ತವೆ. ಲಿನಕ್ಸ್ ಕರ್ನಲ್‌ನ ಲಿಸ್ಟ್‌ಗಳು ಬಹುಕಾಲ ಮೇಜರ್‌ಡೋಮೋದಲ್ಲಿದ್ದು 2023ರಲ್ಲಿ ಎಂಎಲ್‌ಎಂಎಂಜೆಗೆ ಬಂದವು. ಆದ್ದರಿಂದ ಹಳೆಯ ಕೈಪಿಡಿಗಳಲ್ಲಿರುವ ಅವುಗಳ ಆದೇಶಗಳನ್ನು ಈಗ ನಂಬುವಂತಿಲ್ಲ.

ಯಾವುದು ಯಾವುದೆಂದು ಊಹಿಸುವ ಅಗತ್ಯವೂ ಇಲ್ಲ. 1998ರ ಆರ್‌ಎಫ್‌ಸಿ 2369ರ (ಆರ್‌ಎಫ್‌ಸಿ ಎಂದರೆ ಅಂತರ್ಜಾಲದ ನಿಯಮಗಳನ್ನು ವಿವರಿಸುವ ದಾಖಲೆ) ಪ್ರಕಾರ ಲಿಸ್ಟ್‌ಗಳು ತಮ್ಮ ಪ್ರತಿ ಪತ್ರದ ಹೆಡರ್‌ನಲ್ಲಿ ‘ಲಿಸ್ಟ್-ಹೆಲ್ಪ್’, ‘ಲಿಸ್ಟ್-ಅನ್‌ಸಬ್‌ಸ್ಕ್ರೈಬ್’ ಮೊದಲಾದ ಸಾಲುಗಳನ್ನು ಇಡಬಹುದು, ಇಂದು ಬಹುತೇಕ ಲಿಸ್ಟ್‌ಗಳು ಇಡುತ್ತವೆ. ಯಾವ ವಿಳಾಸಕ್ಕೆ ಏನು ಬರೆಯಬೇಕೆಂಬುದು ಅಲ್ಲಿಯೇ ಸಿಗುತ್ತದೆ. ಮೇಲ್‌ಮನ್ ಆಗಿದ್ದರೆ ಅದರ ಆವೃತ್ತಿಯ ಸಂಖ್ಯೆಯೂ ಹೆಡರ್‌ನಲ್ಲಿ ಇರುತ್ತದೆ. ಒಂದು ಎಚ್ಚರಿಕೆ: ಇಲ್ಲಿ ನಾವು ಕನ್ನಡದಲ್ಲಿ ಬರೆಯುತ್ತಿರುವ ಆದೇಶಗಳನ್ನು ಕಳುಹಿಸುವಾಗ ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು, ಯಂತ್ರಕ್ಕೆ ಬೇರೆ ಲಿಪಿ ತಿಳಿಯುವುದಿಲ್ಲ.

ಪತ್ರಪ್ರಿಯ

ಇಬ್ಬರಿಗೂ ಧನ್ಯವಾದಗಳು. ‘ರಿಸೀವ್ಡ್’ ಸಾಲುಗಳಲ್ಲಿ ನನ್ನ ಹಳೆಯ ವಿಳಾಸ ಸಿಕ್ಕಿತು. ಅಲ್ಲಿಗೆ ಬಂದ ಪತ್ರಗಳೆಲ್ಲ ಹೊಸ ಪೆಟ್ಟಿಗೆಗೆ ಫಾರ್ವರ್ಡ್ ಆಗುತ್ತಿವೆ, ಆದರೆ ಆ ವಿಳಾಸದಿಂದ ಪತ್ರ ಕಳುಹಿಸುವ ಸೌಲಭ್ಯ ಈಗ ನನಗಿಲ್ಲ. ಮೊದಲನೆಯ ಮತ್ತು ಮೂರನೆಯ ಲಿಸ್ಟ್‌ಗಳೆರಡೂ ಮೇಲ್‌ಮನ್ 2.1ರಲ್ಲಿವೆ, ಮೂರನೆಯದಕ್ಕೆ ನಾನು ಹೊಸ ವಿಳಾಸದಿಂದಲೇ ಸೇರಿದ್ದೇನೆ. ಎರಡನೆಯದು ಲಿಸ್ಟ್‌ಸರ್ವ್, ಅದಕ್ಕೂ ಹೊಸ ವಿಳಾಸವೇ ಇದೆ. ಹಾಗಿದ್ದರೆ ಹಳೆಯ ವಿಳಾಸದಿಂದ ಬರೆಯಲಾಗದೆ ಅದರ ಸದಸ್ಯತ್ವವನ್ನು ತೆಗೆಸಲು ಸಾಧ್ಯವೇ?

ಹೆಡರ್ ಓದುಗ

ಸಾಧ್ಯವಿದೆ. ಹಳೆಯ ವಿಳಾಸಕ್ಕೆ ಬಂದದ್ದು ನಿಮ್ಮನ್ನು ತಲುಪುತ್ತಿದೆ ಎಂಬುದೇ ಇಲ್ಲಿ ನಿಮಗೆ ಅನುಕೂಲ. ಮೇಲ್‌ಮನ್ 2.1ರ ‘ರಿಕ್ವೆಸ್ಟ್’ ವಿಳಾಸಕ್ಕೆ, ಈಗಿನ ಪೆಟ್ಟಿಗೆಯಿಂದಲೇ, ಒಂದೇ ಸಾಲಿನಲ್ಲಿ ಹೀಗೆ ಬರೆಯಿರಿ: ‘ಅನ್‌ಸಬ್‌ಸ್ಕ್ರೈಬ್’, ಒಂದು ಖಾಲಿ ಜಾಗ, ‘ಅಡ್ರೆಸ್’, ಸಮ ಚಿಹ್ನೆ, ಅದಕ್ಕೆ ತಾಗಿದಂತೆ ಹಳೆಯ ವಿಳಾಸ. ಉದ್ಧರಣ ಚಿಹ್ನೆಯಾಗಲಿ ಆವರಣವಾಗಲಿ ಇರಬಾರದು. ಪಾಸ್‌ವರ್ಡ್ ಕೊಡದೇ ಇದ್ದಾಗ ತಂತ್ರಾಂಶವು ಒಂದು ದೃಢೀಕರಣ ಪತ್ರವನ್ನು ಹಳೆಯ ವಿಳಾಸಕ್ಕೆ ಕಳುಹಿಸುತ್ತದೆ ಮತ್ತು ಅದು ಫಾರ್ವರ್ಡ್ ಆಗಿ ನಿಮಗೆ ಸಿಗುತ್ತದೆ. ಅದಕ್ಕೆ ಸಬ್ಜೆಕ್ಟ್ ಸಾಲನ್ನು ಬದಲಿಸದೆ ಉತ್ತರಿಸಿದರೆ ಕೆಲಸ ಮುಗಿಯಿತು, ಏಕೆಂದರೆ ‘ಕನ್‌ಫರ್ಮ್’ ಎಂಬ ಆದೇಶ ಮತ್ತು ಗುರುತಿನ ಸಂಕೇತ ಎರಡೂ ಆ ಸಾಲಿನಲ್ಲಿಯೇ ಇರುತ್ತವೆ. ಉತ್ತರ ಯಾವ ವಿಳಾಸದಿಂದ ಬಂದಿತೆಂಬುದು ಇಲ್ಲಿ ಮುಖ್ಯವಲ್ಲ, ಸಂಕೇತ ಸರಿಯಿದ್ದರೆ ಸಾಕು. ಯಾರೂ ಬದಲಿಸದಿದ್ದರೆ ಆ ಸಂಕೇತದ ಅವಧಿ 3 ದಿನ, ಆದ್ದರಿಂದ ತಡಮಾಡಬೇಡಿ. ಪತ್ರ ಕಾಣದಿದ್ದರೆ ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಿ, ಫಾರ್ವರ್ಡ್ ಆದ ಯಂತ್ರಪತ್ರಗಳು ಅಲ್ಲಿಗೆ ಜಾರುವುದು ಅಪರೂಪವೇನಲ್ಲ.

ಡೈಜೆಸ್ಟ್‌ಗೆ ತುಸು ಹೆಚ್ಚು ಕೆಲಸವಿದೆ. ಮೂರನೆಯ ಲಿಸ್ಟ್‌ನ ‘ರಿಕ್ವೆಸ್ಟ್’ ವಿಳಾಸಕ್ಕೆ ‘ಪಾಸ್‌ವರ್ಡ್’ ಎಂಬ ಒಂದು ಪದವನ್ನು ಮಾತ್ರ ಕಳುಹಿಸಿದರೆ ನಿಮ್ಮ ಪಾಸ್‌ವರ್ಡ್ ಮರಳಿ ಬರುತ್ತದೆ. ಅದನ್ನು ಇದ್ದಂತೆಯೇ ಪತ್ರದಲ್ಲಿ ಕಳುಹಿಸುವ ತಂತ್ರಾಂಶವಾದ್ದರಿಂದ ಬೇರೆಡೆ ಬಳಸುವ ಪಾಸ್‌ವರ್ಡನ್ನು ಇದಕ್ಕೆ ಎಂದೂ ಕೊಡಬಾರದು. ಬಳಿಕ ಇನ್ನೊಂದು ಪತ್ರದ ಒಡಲಿನಲ್ಲಿ ಮೂರು ಸಾಲುಗಳನ್ನು ಬರೆಯಿರಿ: ಮೊದಲ ಸಾಲು ‘ಸೆಟ್ ಅಥೆಂಟಿಕೇಟ್’ ಹಾಗೂ ಪಾಸ್‌ವರ್ಡ್, ಎರಡನೆಯದು ‘ಸೆಟ್ ಡೈಜೆಸ್ಟ್ ಮೈಮ್’, ಮೂರನೆಯದು ‘ಎಂಡ್’. ಈ ಕೊನೆಯ ಪದವನ್ನು ಬಿಡಬೇಡಿ. ಅದಿಲ್ಲದಿದ್ದರೆ ಕೆಳಗಿರುವ ನಿಮ್ಮ ಹೆಸರು, ಹುದ್ದೆ, ದೂರವಾಣಿ ಸಂಖ್ಯೆಗಳನ್ನೂ ಯಂತ್ರವು ಆದೇಶಗಳೆಂದು ಓದಲು ಹೋಗುತ್ತದೆ. ಅಲಂಕಾರದ ಅಕ್ಷರ, ಬಣ್ಣ, ಚಿತ್ರಗಳಿಲ್ಲದೆ ಸರಳ ಪಠ್ಯದಲ್ಲಿಯೇ ಬರೆಯಿರಿ.

ಪಟ್ಟಿಪಾಲಕ

ಲಿಸ್ಟ್‌ಸರ್ವ್‌ನ ಸಂಗತಿ ಸುಲಭ. ಲಿಸ್ಟ್‌ಸರ್ವ್‌ನ ಆದೇಶ ವಿಳಾಸಕ್ಕೆ ‘ಸೆಟ್’, ಲಿಸ್ಟ್‌ನ ಹೆಸರು, ‘ನೋಮೇಲ್’ ಎಂದು ಬರೆದರೆ ಪತ್ರಗಳು ನಿಲ್ಲುತ್ತವೆ, ಅದೇ ಸಾಲಿನ ಕೊನೆಗೆ ‘ಮೇಲ್’ ಎಂದರೆ ಮತ್ತೆ ಬರುತ್ತವೆ. ‘ಕ್ವೆರಿ’ ಮತ್ತು ಲಿಸ್ಟ್‌ನ ಹೆಸರನ್ನು ಬರೆದರೆ ಈಗಿನ ಸ್ಥಿತಿ ಏನೆಂದು ತಿಳಿಸುತ್ತದೆ. ಮೇಲ್‌ಮನ್ 2.1ರಲ್ಲಿ ಇದೇ ಕೆಲಸಕ್ಕೆ ‘ಸೆಟ್ ಡೆಲಿವರಿ ಆಫ್’ ಎಂಬ ಆದೇಶವಿದೆ.

ಪತ್ರ ನಿಲ್ಲಿಸುವ ಈ ಸೌಲಭ್ಯವನ್ನು ರಜೆಗೆ ಮಾತ್ರ ಎಂದು ಅನೇಕರು ಭಾವಿಸುತ್ತಾರೆ, ನನ್ನ ಅಭಿಪ್ರಾಯದಲ್ಲಿ ಅದರ ನಿಜವಾದ ಉಪಯೋಗ ಬೇರೆಯೇ ಇದೆ. ಸದಸ್ಯರು ಮಾತ್ರ ಬರೆಯಬಹುದಾದ ಲಿಸ್ಟ್‌ಗಳಿಗೆ ನೀವು ಎರಡು ವಿಳಾಸಗಳಿಂದ ಬರೆಯುವವರಾದರೆ, ಎರಡನ್ನೂ ಸೇರಿಸಿ ಒಂದರ ಪತ್ರಗಳನ್ನು ನಿಲ್ಲಿಸಿಡಿ. ಆಗ ಎಲ್ಲಿಂದ ಬರೆದರೂ ಸ್ವೀಕಾರವಾಗುತ್ತದೆ, ಪತ್ರಗಳು ಮಾತ್ರ ಒಂದೇ ಪ್ರತಿಯಾಗಿ ಬರುತ್ತವೆ. ರಜೆಯ ವಿಷಯಕ್ಕೆ ಬಂದರೆ, ‘ನಾನು ಕಚೇರಿಯಲ್ಲಿಲ್ಲ’ ಎನ್ನುವ ಸ್ವಯಂ ಉತ್ತರವನ್ನು ಹಾಕುವ ಮೊದಲು ದಯವಿಟ್ಟು ಪತ್ರಗಳನ್ನು ನಿಲ್ಲಿಸಿ, ಲಿಸ್ಟ್ ನಿರ್ವಾಹಕರು ನಿಮ್ಮನ್ನು ಹರಸುತ್ತಾರೆ.

ಸರಳಮಾರ್ಗಿ

ಇಷ್ಟೆಲ್ಲ ಶ್ರಮ ಏಕೆಂದು ನನಗೆ ತಿಳಿಯುತ್ತಿಲ್ಲ. ಪತ್ರದ ಮೇಲ್ಭಾಗದಲ್ಲಿ ಇಮೇಲ್ ಸೇವೆಯೇ ತೋರಿಸುವ ‘ಅನ್‌ಸಬ್‌ಸ್ಕ್ರೈಬ್’ ಗುಂಡಿಯನ್ನು ಒತ್ತಿದರೆ ಸಾಲದೇ? ದೃಢೀಕರಣ, ಸಂಕೇತ, ಅವಧಿ ಇವೆಲ್ಲ ಸದಸ್ಯರನ್ನು ಹಿಡಿದಿಟ್ಟುಕೊಳ್ಳುವ ಉಪಾಯಗಳಂತೆ ಕಾಣುತ್ತವೆ.

ಪಟ್ಟಿಪಾಲಕ

ಪ್ರಚಾರದ ಪತ್ರಗಳಿಗೆ ಆ ಗುಂಡಿ ಸರಿಯಾದ ಮಾರ್ಗ. 2017ರ ಆರ್‌ಎಫ್‌ಸಿ 8058 ಒಂದೇ ಒತ್ತಿನಲ್ಲಿ ಹೊರಬರುವ ಕ್ರಮವನ್ನು ನಿಗದಿಪಡಿಸಿತು, ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರ ಪ್ರಚಾರ ಪತ್ರಗಳಿಗೆ ಜಿಮೇಲ್ 2024ರಲ್ಲಿ ಅದನ್ನು ಕಡ್ಡಾಯ ಮಾಡಿತು. ಆದರೆ ಚರ್ಚೆಯ ಲಿಸ್ಟ್‌ಗಳಲ್ಲಿ ಆ ಗುಂಡಿಯ ಹಿಂದೆ ಇರುವುದು ಅನೇಕ ವೇಳೆ ಇದೇ ಇಮೇಲ್ ಆದೇಶ. ಗುಂಡಿ ಒತ್ತಿದಾಗ ನಿಮ್ಮ ಈಗಿನ ವಿಳಾಸದಿಂದ ‘ಅನ್‌ಸಬ್‌ಸ್ಕ್ರೈಬ್’ ಪತ್ರ ಹೋಗುತ್ತದೆ, ಪ್ರಶ್ನೆ ಕೇಳಿದವರಿಗೆ ಬಂದ ಉತ್ತರವೇ ಮತ್ತೆ ಬರುತ್ತದೆ. ಪತ್ರಗಳನ್ನು ತಡೆಹಿಡಿಯಲು, ಡೈಜೆಸ್ಟ್‌ಗೆ ಬದಲಾಯಿಸಲು ಗುಂಡಿಯೇ ಇಲ್ಲ.

ದೃಢೀಕರಣದ ಬಗ್ಗೆ ನಿಮ್ಮ ಅನುಮಾನವನ್ನು ನಾನು ಒಪ್ಪುವುದಿಲ್ಲ. ‘ಫ್ರಮ್’ ಸಾಲಿನಲ್ಲಿ ಯಾರು ಬೇಕಾದರೂ ಯಾರ ವಿಳಾಸವನ್ನು ಬೇಕಾದರೂ ಬರೆಯಬಹುದು. ದೃಢೀಕರಣವಿಲ್ಲದಿದ್ದರೆ ಜಗಳವಾಡಿದವನೊಬ್ಬ ಎದುರಾಳಿಯನ್ನು ಲಿಸ್ಟ್‌ನಿಂದ ಹೊರಹಾಕಬಹುದು, ಇಲ್ಲವೇ ಒಬ್ಬರ ವಿಳಾಸವನ್ನು ನೂರಾರು ಲಿಸ್ಟ್‌ಗಳಿಗೆ ಸೇರಿಸಿ ಅವರ ಪೆಟ್ಟಿಗೆಯನ್ನು ತುಂಬಿಸಬಹುದು. ಆರ್‌ಎಫ್‌ಸಿ 8058 ಬಂದದ್ದೂ ಇಂಥದೇ ತೊಡಕಿನಿಂದ: ಪತ್ರದಲ್ಲಿರುವ ಕೊಂಡಿಗಳನ್ನು ಪರೀಕ್ಷಿಸಲು ಸ್ಪ್ಯಾಮ್ ತಡೆಯುವ ತಂತ್ರಾಂಶಗಳು ಅವನ್ನು ತಾವೇ ತೆರೆಯುತ್ತಿದ್ದವು, ಹಾಗಾಗಿ ಯಾರೂ ಕೇಳದೆಯೇ ಸದಸ್ಯತ್ವ ರದ್ದಾಗುವ ಅಪಾಯವಿತ್ತು.

ಪತ್ರಪ್ರಿಯ

ಮೊದಲನೆಯ ಲಿಸ್ಟ್‌ನ ದೃಢೀಕರಣ ಪತ್ರ ಹೆಡರ್ ಓದುಗರು ಹೇಳಿದಂತೆ ಸ್ಪ್ಯಾಮ್ ಪೆಟ್ಟಿಗೆಯಲ್ಲಿಯೇ ಇತ್ತು, ಉತ್ತರಿಸಿದ ಮೇಲೆ ಸದಸ್ಯತ್ವ ರದ್ದಾಯಿತೆಂಬ ಸೂಚನೆ ಬಂದಿದೆ. ಲಿಸ್ಟ್‌ಸರ್ವ್ ಪತ್ರಗಳೂ ನಿಂತಿವೆ. ಮೂರನೆಯದರಲ್ಲಿ ಡೈಜೆಸ್ಟ್ ಆರಂಭವಾಗಿದೆ. ಒಂದು ಸಂದೇಹ ಉಳಿದಿದೆ: ‘ಮೈಮ್’ ಬದಲು ‘ಪ್ಲೇನ್’ ಎಂಬ ಆಯ್ಕೆಯೂ ಇದೆಯೆಂದು ಸಹಾಯ ಪತ್ರದಲ್ಲಿ ಓದಿದೆ. ವ್ಯತ್ಯಾಸವೇನು?

ಹೆಡರ್ ಓದುಗ

‘ಪ್ಲೇನ್’ ಆಯ್ಕೆಯಲ್ಲಿ ಎಲ್ಲ ಪತ್ರಗಳೂ ಒಂದೇ ಉದ್ದನೆಯ ಪಠ್ಯವಾಗಿ ಬರುತ್ತವೆ. ಓದಲು ಅದು ಸಾಕು, ಆದರೆ ಅದಕ್ಕೆ ಉತ್ತರಿಸಿದರೆ ಸಬ್ಜೆಕ್ಟ್ ಸಾಲಿನಲ್ಲಿ ಡೈಜೆಸ್ಟ್‌ನ ಸಂಖ್ಯೆ ಉಳಿಯುತ್ತದೆ ಮತ್ತು ನಿಮ್ಮ ಉತ್ತರ ಮೂಲ ಚರ್ಚೆಯ ಎಳೆಗೆ ಸೇರುವುದಿಲ್ಲ. ‘ಮೈಮ್’ ಆಯ್ಕೆಯಲ್ಲಿ ಪ್ರತಿ ಪತ್ರವೂ ಪ್ರತ್ಯೇಕ ಲಗತ್ತಾಗಿ, ತನ್ನ ಹೆಡರ್‌ನೊಂದಿಗೆ ಬರುತ್ತದೆ. ಲಗತ್ತನ್ನು ಪತ್ರದಂತೆ ತೆರೆಯಬಲ್ಲ ಇಮೇಲ್ ತಂತ್ರಾಂಶ ನಿಮ್ಮಲ್ಲಿದ್ದರೆ ಅಲ್ಲಿಂದಲೇ ಉತ್ತರಿಸಿ, ಎಳೆ ತಪ್ಪುವುದಿಲ್ಲ. ನೀವು ಓದುವುದಷ್ಟೇ ಆದರೆ, ಅದರಲ್ಲೂ ಫೋನಿನಲ್ಲಿ ಓದುವವರಾದರೆ, ‘ಪ್ಲೇನ್’ಗೆ ಬದಲಾಯಿಸಿಕೊಳ್ಳಿ. ಮುಂದೆ ಬಿಡಿ ಪತ್ರಗಳೇ ಬೇಕೆನಿಸಿದರೆ ‘ಸೆಟ್ ಡೈಜೆಸ್ಟ್ ಆಫ್’ ಎನ್ನಿ. ಅದಾದ ಮೇಲೂ ಕೊನೆಯ ಒಂದು ಡೈಜೆಸ್ಟ್ ಬರಬಹುದು, ಆದೇಶ ತಲುಪಲಿಲ್ಲವೆಂದು ತಿಳಿದು ಮತ್ತೆ ಕಳುಹಿಸಬೇಕಾಗಿಲ್ಲ.