ಎಂಜಿ ಟಿಸಿಗೆ ಸೂಪರ್‌ಚಾರ್ಜರ್: ಕೂರಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಗಾಡಿ 1948ರ ಎಂಜಿ ಟಿಸಿ (ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು), ಇರುವುದು ಬೆಂಗಳೂರಿನಲ್ಲಿ. ಮೂಲ ಎಕ್ಸ್‌ಪಿಎಜಿ ಎಂಜಿನ್, 1250 ಸಿಸಿ, ಎರಡು ಎಸ್‌ಯು ಕಾರ್ಬುರೇಟರ್. ಸಪಾಟು ರಸ್ತೆಯಲ್ಲಿ ತೊಂದರೆ ಇಲ್ಲ, ಏರು ಬಂದರೆ ಮೂರನೇ ಗೇರಿನಲ್ಲೂ ಏದುಸಿರು. 5–6 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಬ್ಲೋವರ್, ಹಾಕಿಸುವ ಯೋಚನೆ. ಎಂಜಿನ್ ತಡೆದೀತೇ? ಹಳೇ ಕಾಲದ ಶೊರಾಕ್ ಹುಡುಕಲೋ, ಹೊಸ ಐಸಿನ್ ಎಎಂಆರ್500 ತರಿಸಲೋ?

ಉತ್ತರ (ಎಂಜಿನ್ ರೀಬಿಲ್ಡ್ ಮಾಡುವವರು): ನಮಸ್ಕಾರ. ಬ್ಲೋವರ್ ಆಯ್ಕೆ ಕೊನೆಯ ಮಾತು. ಮೊದಲು ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚಿ ಕಂಪ್ರೆಷನ್ ಅನುಪಾತ, ಅಂದರೆ ಪಿಸ್ಟನ್ ಒಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ, ಅಂತ ಅಳೆಯಿರಿ. ಕಾರ್ಖಾನೆಯಿಂದ ಬಂದಾಗ 7.25ಕ್ಕೆ 1 ಇತ್ತು. ಆದರೆ ಎಪ್ಪತ್ತೈದು ವರ್ಷದಲ್ಲಿ ಪ್ರತಿ ಸಲ ಗ್ಯಾಸ್ಕೆಟ್ ಹೋದಾಗಲೂ ಯಾರೋ ಒಬ್ಬರು ಹೆಡ್ಡನ್ನು ಒಂದಿಷ್ಟು ಹೆರೆಸಿರುತ್ತಾರೆ, ಹೆರೆದಷ್ಟೂ ಅನುಪಾತ ಏರುತ್ತದೆ.

ಲೆಕ್ಕ ಹೀಗೆ. ಬೋರ್ 66.5 ಮಿಮೀ, ಸ್ಟ್ರೋಕ್ 90 ಮಿಮೀ, ಅಂದರೆ ಒಂದು ಸಿಲಿಂಡರಿಗೆ 312.5 ಸಿಸಿ. 7.25 ಅನುಪಾತ ಬರಬೇಕಾದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 50 ಸಿಸಿ ಇರಬೇಕು. ಹೆಡ್ಡನ್ನು ಮಗುಚಿ ಸಮಮಟ್ಟಕ್ಕೆ ಇಡಿ. ವಾಲ್ವ್, ಪ್ಲಗ್ ಹಾಗೇ ಇರಲಿ. ಚೇಂಬರಿನ ಅಂಚಿಗೆ ಗ್ರೀಸ್ ಬಳಿದು, ಸಣ್ಣ ತೂತಿರುವ ಅಕ್ರಿಲಿಕ್ ಹಾಳೆ ಒತ್ತಿ, ಸಿರಿಂಜಿನಲ್ಲಿ ಸೀಮೆಎಣ್ಣೆ ಬಿಡಿ. ಗಾಳಿಗುಳ್ಳೆ ಉಳಿಯದಂತೆ ತುಂಬಿದಾಗ ಹಿಡಿದ ಸಿಸಿ ಬರೆದುಕೊಳ್ಳಿ. ಅದಕ್ಕೆ ಗ್ಯಾಸ್ಕೆಟ್ಟಿನ ಜಾಗ ಸೇರಿಸಿ: ಒತ್ತಿದ ಮೇಲೆ ಉಳಿಯುವ ದಪ್ಪದ ಪ್ರತಿ 1 ಮಿಮೀಗೆ ಸುಮಾರು 3.5 ಸಿಸಿ. ಪಿಸ್ಟನ್ ಬ್ಲಾಕಿನ ಮಟ್ಟಕ್ಕಿಂತ ಕೆಳಗೆ ನಿಲ್ಲುತ್ತಿದ್ದರೆ ಅದನ್ನೂ ಸೇರಿಸಬೇಕು, ಮೇಲೆ ಬರುತ್ತಿದ್ದರೆ ಕಳೆಯಬೇಕು. ನಾಲ್ಕೂ ಚೇಂಬರ್ ಅಳೆಯಿರಿ. ಒಂದನ್ನು ಅಳೆದು ಮಿಕ್ಕವೂ ಅಷ್ಟೇ ಅಂದುಕೊಳ್ಳಬೇಡಿ. ಒಟ್ಟು 41 ಸಿಸಿ ಬಂದರೆ ಅನುಪಾತ 8.6 ಆಗಿದೆ ಅಂತ ಅರ್ಥ, ಅದರ ಮೇಲೆ ಬ್ಲೋವರ್ ಬೇಡ.

ಎರಡನೆಯದು ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ದಂಡ). ಈ ಎಂಜಿನ್ನಿಗೆ ಮೇನ್ ಬೇರಿಂಗ್ ಮೂರೇ. ಹಳೇ ಕ್ರ್ಯಾಂಕ್ ಬಿರುಕು ಬಿಡುವುದು ಈ ಎಂಜಿನ್ನಿನ ಹಳೇ ಕಾಯಿಲೆ, ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್ ಮಾಡಿಸದೆ ಮುಂದೆ ಹೋಗಬೇಡಿ. ಕನೆಕ್ಟಿಂಗ್ ರಾಡಿನ ಬೋಲ್ಟುಗಳು ಹೊಸವೇ ಬೇಕು. ಎಂಜಿನ್ ಬಿಸಿಯಾದ ಮೇಲೆ ಓಟದಲ್ಲಿ ಆಯಿಲ್ ಪ್ರೆಶರ್ 40 ಪಿಎಸ್‌ಐ ನಿಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿ. ರಿಂಗ್ ಸವೆದ ಎಂಜಿನ್ನಿಗೆ ಬ್ಲೋವರ್ ಹಾಕಿದರೆ ಒತ್ತಡ ಕೆಳಗೆ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಹಿಂದುಗಡೆ ಆಯಿಲ್ ತಡೆಯಲು ರಬ್ಬರ್ ಸೀಲ್ ಇಲ್ಲ, ಬರೀ ತಿರುಪಿನ ಗೀರು. ಹಾಗಾಗಿ ಆಯಿಲ್ ಸೀದಾ ಕ್ಲಚ್ಚಿನ ಮೇಲೆ.

ಈಗ ಬ್ಲೋವರ್. ಶೊರಾಕ್ ಒಳಗೆ ವೇನ್‌ಗಳು (ರೆಕ್ಕೆಯಂಥ ಪಟ್ಟಿಗಳು) ತಿರುಗುತ್ತವೆ. ಅದಕ್ಕೆ ಎಂಜಿನ್ನಿನಿಂದ ಸಣ್ಣ ಜೆಟ್ ಮೂಲಕ ಆಯಿಲ್ ಕೊಡಬೇಕು, ಆ ಆಯಿಲ್ ವಾಪಸ್ ಬರುವುದಿಲ್ಲ, ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. ಜೆಟ್ ದೊಡ್ಡದಾದರೆ ನೀಲಿ ಹೊಗೆ, ಪ್ಲಗ್ಗಿಗೆ ಮಸಿ. ಕಟ್ಟಿಕೊಂಡರೆ ವೇನ್ ಒಣಗಿ ಗೋಡೆ ಗೀರುತ್ತದೆ. ನೋಟಕ್ಕೆ ಆ ಕಾಲದ್ದೇ, ನಿಜ. ಆದರೆ ಬಿಡಿಭಾಗಕ್ಕೆ ಹೊರದೇಶಕ್ಕೇ ಬರೆಯಬೇಕು. ಎಎಂಆರ್500 ರೂಟ್ಸ್ ಮಾದರಿಯದು (ಒಂದಕ್ಕೊಂದು ತಾಗದೆ ತಿರುಗುವ ಎರಡು ರೋಟರ್), ಎಂಜಿನ್ ಆಯಿಲ್ ಬೇಡ. ದಿನಾ ಓಡಿಸುವ ಆಸೆ ಇದ್ದರೆ ನನ್ನ ಮತ ಇದಕ್ಕೆ.

ಪುಲ್ಲಿ ಲೆಕ್ಕ: ಎಎಂಆರ್500 ಒಂದು ಸುತ್ತಿಗೆ 500 ಸಿಸಿ ಗಾಳಿ ತಳ್ಳುತ್ತದೆ. ಎಂಜಿನ್ ಒಂದು ಸುತ್ತಿಗೆ ಕಾಗದದ ಮೇಲೆ 625 ಸಿಸಿ ಎಳೆಯಬೇಕು, ನಿಜವಾಗಿ ಎಳೆಯುವುದು 500ರ ಆಸುಪಾಸು. ಕ್ರ್ಯಾಂಕ್ ಪುಲ್ಲಿ 140 ಮಿಮೀ, ಬ್ಲೋವರ್ ಪುಲ್ಲಿ 100 ಮಿಮೀ ಇಟ್ಟರೆ ಬ್ಲೋವರ್ 1.4 ಪಟ್ಟು ತಿರುಗುತ್ತದೆ. ಸೋರಿಕೆ ಕಳೆದು, ಬಿಸಿಯಿಂದ ಹಿಗ್ಗುವುದನ್ನು ಸೇರಿಸಿದರೆ ಸುಮಾರು 5 ಪಿಎಸ್‌ಐ. ಇಲ್ಲಿಂದಲೇ ಶುರುಮಾಡಿ. ಡೈನಮೊ ತಿರುಗಿಸುವ ಬೆಲ್ಟಿಗೆ ಈ ಹೊರೆ ಹಾಕಬೇಡಿ. ಪೂರ್ತಿ ವೇಗದಲ್ಲಿ ಬ್ಲೋವರ್ ಒಂದೇ 5 ಎಚ್‌ಪಿ ಹತ್ತಿರ ತಿನ್ನುತ್ತದೆ. ಬೇರೆ ಬೆಲ್ಟ್, ಬೇರೆ ಐಡ್ಲರ್ (ಬೆಲ್ಟನ್ನು ಬಿಗಿ ಹಿಡಿಯುವ ಗಾಲಿ) ಬೇಕು. ಪುಲ್ಲಿಗಳು ಒಂದೇ ಗೆರೆಯಲ್ಲಿರಲಿ, 1 ಮಿಮೀ ಆಚೀಚೆಯಾದರೂ ಬೆಲ್ಟಿನ ಅಂಚು ದಾರ ದಾರವಾಗಿ ಬಿಚ್ಚಿಕೊಳ್ಳುತ್ತದೆ.

ಉತ್ತರ (ಕಾರ್ಬುರೇಟರ್, ಇಗ್ನಿಷನ್ ಕೆಲಸದವರು): ಮೇಲಿನದಕ್ಕೆ ನನ್ನದೊಂದಿಷ್ಟು. ಕಾರ್ಬುರೇಟರ್ ಬ್ಲೋವರಿನ ಮುಂದೆ ಇರಬೇಕು, ಅಂದರೆ ಬ್ಲೋವರ್ ಪೆಟ್ರೋಲ್ ಬೆರೆತ ಗಾಳಿಯನ್ನೇ ಎಳೆಯಬೇಕು. ಆಗ ಫ್ಲೋಟ್ ಬೌಲಿಗೆ ಒತ್ತಡದ ತಲೆನೋವಿಲ್ಲ, ಪೆಟ್ರೋಲ್ ಆವಿಯಾಗುವಾಗ ಗಾಳಿಯೂ ತಂಪಾಗುತ್ತದೆ. ಎರಡು ಸಣ್ಣ ಎಸ್‌ಯು ಬಿಚ್ಚಿ ಒಂದೂವರೆ ಇಂಚಿನ ಒಂದೇ ಎಸ್‌ಯು ಸಾಕು. ಬಿಚ್ಚಿದ್ದನ್ನು ಮ್ಯಾನಿಫೋಲ್ಡ್ ಸಮೇತ ಎಣ್ಣೆ ಸವರಿ ಕಟ್ಟಿಡಿ, ಮುಂದೆ ಬೇಕಾಗುತ್ತದೆ.

ಈ ಜೋಡಣೆಯ ಅಪಾಯ ಒಂದೇ: ಬ್ಲೋವರಿನಿಂದ ವಾಲ್ವಿನ ತನಕ ಉರಿಯುವ ಮಿಶ್ರಣ ತುಂಬಿಕೊಂಡಿರುತ್ತದೆ. ಬ್ಯಾಕ್‌ಫೈರ್ ಆದರೆ ಬ್ಲೋವರೇ ಒಡೆಯಬಹುದು. ಮ್ಯಾನಿಫೋಲ್ಡಿನಲ್ಲಿ ಸ್ಪ್ರಿಂಗ್ ಇರುವ ರಿಲೀಫ್ ವಾಲ್ವ್ ಇಲ್ಲದೆ ಸ್ಟಾರ್ಟ್ ಮಾಡಲೇಬೇಡಿ. 25 ಮಿಮೀ ತೂತು 10 ಪಿಎಸ್‌ಐಗೆ ತೆರೆಯಬೇಕಾದರೆ ಸ್ಪ್ರಿಂಗ್ ಸುಮಾರು 3.5 ಕೆಜಿ ಬಲದಲ್ಲಿ ಒತ್ತಿರಬೇಕು. ಅದರ ಬಾಯಿ ಸೈಲೆನ್ಸರ್ ಪೈಪಿನ ಕಡೆಗೂ ಬೇಡ, ವೈರಿಂಗ್ ಕಡೆಗೂ ಬೇಡ.

ಡಿಸ್ಟ್ರಿಬ್ಯೂಟರ್ (ನಮ್ಮ ಗ್ಯಾರೇಜಿನ ಬಾಯಲ್ಲಿ ಡೆಲ್ಕೊ) ತಿರುಗಿಸಿ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆ ಹಾಕಿದರೆ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೆ ಮಾಡಿದರೆ ಐಡ್ಲಿಂಗ್‌ನಲ್ಲೂ ಕಿಡಿ ತಡವಾಗಿ, ಎಕ್ಸಾಸ್ಟ್ ಕೆಂಪಗೆ ಕಾದು, ನೀರು ಕುದಿಯುತ್ತದೆ. ಶುರುವಿನ ಟೈಮಿಂಗ್ ಇದ್ದಲ್ಲೇ ಇರಲಿ. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚೆ ತರುವ ಒಳಗಿನ ತೂಕಗಳು ಎಷ್ಟು ದೂರ ಹಾರುತ್ತವೆ ಎಂಬುದಕ್ಕೆ ಅಡ್ಡಗಟ್ಟಿ. ಪ್ರತಿ ಪಿಎಸ್‌ಐಗೆ 1 ಡಿಗ್ರಿ ಕಡಿಮೆ ಅನ್ನುವುದು ಒಳ್ಳೆಯ ಆರಂಭ: ಪೂರ್ತಿ ಅಡ್ವಾನ್ಸ್ (ಪಿಸ್ಟನ್ ಮೇಲೆ ತಲುಪುವ ಎಷ್ಟು ಮೊದಲು ಕಿಡಿ ಹಾರುತ್ತದೆ ಎಂಬುದು) 32 ಡಿಗ್ರಿ ಇದ್ದರೆ 26–27ಕ್ಕೆ ನಿಲ್ಲಿಸಿ.

ಪ್ಲಗ್ ಒಂದು ಮೆಟ್ಟಿಲು ತಂಪಿನದು, ಗ್ಯಾಪ್ 20 ಥೌ (0.020 ಇಂಚು). ಪ್ಲಗ್ಗಿನ ತಿರುಪು ಎಷ್ಟು ಉದ್ದ ಅಂತ ನೋಡಿ ಕೊಳ್ಳಿ. ಹಳೇ ಹೆಡ್ಡಿಗೆ ಅರ್ಧ ಇಂಚು, ಆಮೇಲೆ ಬಂದ ಟಿಡಿ (ಟಿಸಿಯ ನಂತರದ ಮಾದರಿ) ಹೆಡ್ಡಿಗೆ ಮುಕ್ಕಾಲು ಇಂಚು. ಟಿಸಿ ಮೇಲೆ ಟಿಡಿ ಹೆಡ್ ಕೂತಿರುವ ಗಾಡಿಗಳು ಬೇಕಾದಷ್ಟಿವೆ.

ಈಗ ಬಂಕಿನಲ್ಲಿ ಸಿಗುವುದು ಇ20 (20% ಎಥನಾಲ್ ಬೆರೆತ ಪೆಟ್ರೋಲ್). ಎಥನಾಲ್ ಇದ್ದಷ್ಟೂ ಅದೇ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು, ಇ20ಗೆ ಸುಮಾರು 8% ಜಾಸ್ತಿ. ಹಳೇ ಪುಸ್ತಕದಲ್ಲಿ ಹೇಳಿದ ನೀಡಲ್ (ಪೆಟ್ರೋಲ್ ಎಷ್ಟು ಹೋಗಬೇಕೆಂದು ನಿರ್ಧರಿಸುವ ಸೂಜಿ) ಹಾಕಿದರೆ ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗುತ್ತದೆ, ಬ್ಲೋವರ್ ಇದ್ದಾಗ ತೆಳು ಅಂದರೆ ಪಿಸ್ಟನ್ನಿಗೆ ತೂತು. ಎಕ್ಸಾಸ್ಟ್ ಪೈಪಿಗೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅಳತೆ, 1ಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಹೆಚ್ಚು) 0.82–0.85 ಬರುವಂತೆ ನೀಡಲ್ ಆರಿಸಿ. ಜೆಟ್ಟಿನ ಕಾರ್ಕ್ ಗ್ಲ್ಯಾಂಡ್, ಹಳೇ ರಬ್ಬರ್ ಪೈಪ್ ಎರಡನ್ನೂ ಎಥನಾಲ್ ತಡೆಯುವ ಮಾಲಿಗೆ ಬದಲಾಯಿಸಿ. ಎಸ್‌ಯು ಪಂಪ್ ಗಂಟೆಗೆ 36 ಲೀಟರ್ ಕೊಡಬೇಕು. ಪೂರ್ತಿ ಹೊರೆಯಲ್ಲಿ 27 ಲೀಟರಿನಷ್ಟು ಬೇಕಾಗುವುದರಿಂದ, ಪಾಯಿಂಟ್ ಸವೆದ ಪಂಪ್ ಸಾಲದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮ ಟಿಡಿಗೆ ಇದೇ ತರಹ 5 ಪಿಎಸ್‌ಐ ಹಾಕಿಸಿದೆ. ಬೆಂಗಳೂರಿನಲ್ಲಿ ಟ್ಯೂನ್ ಮಾಡಿದಾಗ ಏನೂ ಸದ್ದಿಲ್ಲ. ಶಿರಾಡಿ ಇಳಿದು ಮಂಗಳೂರಿನಲ್ಲಿ ಓಡಿಸಿದರೆ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವ ಸದ್ದು). ಪೆಟ್ರೋಲ್ ಕೆಟ್ಟದ್ದೇ?

ಉತ್ತರ (ಕಾರ್ಬುರೇಟರ್, ಇಗ್ನಿಷನ್ ಕೆಲಸದವರು): ಪೆಟ್ರೋಲನ್ನು ಬೈಯುವ ಮೊದಲು ಗಾಳಿಯ ಲೆಕ್ಕ ನೋಡಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರ, ಅಲ್ಲಿ ಗಾಳಿಯ ಒತ್ತಡ 13.2 ಪಿಎಸ್‌ಐ. ಮಂಗಳೂರಿನಲ್ಲಿ 14.7. ಈ ಜಾತಿಯ ಬ್ಲೋವರ್ ಹೊರಗಿನ ಒತ್ತಡವನ್ನು ಇಂತಿಷ್ಟು ಪಟ್ಟು ಮಾಡುತ್ತದೆ, ಇಂತಿಷ್ಟು ಪಿಎಸ್‌ಐ ಕೂಡಿಸುವುದಿಲ್ಲ. ಬೆಂಗಳೂರಿನ 5 ಪಿಎಸ್‌ಐ ಕರಾವಳಿಯಲ್ಲಿ 5.6 ಆಗುತ್ತದೆ. ಒಟ್ಟು ಒತ್ತಡ 18.2ರಿಂದ 20.3ಕ್ಕೆ ಏರಿತು. 7.25 ಅನುಪಾತದ ಎಂಜಿನ್ ಬೆಂಗಳೂರಿನಲ್ಲಿ 9 ಅನುಪಾತದ್ದರ ಹಾಗೆ ವರ್ತಿಸುತ್ತಿದ್ದದ್ದು ಮಂಗಳೂರಿನಲ್ಲಿ 10ರ ಹಾಗೆ ವರ್ತಿಸುತ್ತದೆ. ಸಾಲದ್ದಕ್ಕೆ, ಗಾಳಿ ದಟ್ಟವಾದಾಗ ಎಸ್‌ಯು ಕೊಡುವ ಮಿಶ್ರಣ ತುಸು ತೆಳುವಾಗುತ್ತದೆ. ಮೇಲೆ ಕರಾವಳಿಯ ಸೆಕೆ ಬೇರೆ.

ತಕ್ಷಣಕ್ಕೆ, ಪೆಟ್ರೋಲ್ ತುಸು ಹೆಚ್ಚಾಗಲು, ಕಾರ್ಬುರೇಟರಿನ ಜೆಟ್ ನಟ್ಟನ್ನು ಒಂದು ಮೂಲೆಯಷ್ಟು (ಸುತ್ತಿನ ಆರನೇ ಒಂದು ಭಾಗ) ಕೆಳಕ್ಕೆ ಇಳಿಸಿ, ಟೈಮಿಂಗ್ 2 ಡಿಗ್ರಿ ಹಿಂದೆ ಹಾಕಿ, ಪೂರ್ತಿ ಒತ್ತದೆ ಓಡಿಸಿ. ಊರಿಗೆ ಬಂದ ಮೇಲೆ ಪ್ಲಗ್ ಬಿಚ್ಚಿ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೆಣಸಿನಪುಡಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕಿ ಇದ್ದರೆ ನಾಕಿಂಗ್ ಆಗಿದೆ, ಅಷ್ಟೇ. ಮಿನುಗುವ ಬೆಳ್ಳಿಯ ಕಣ ಕಂಡರೆ ಅದು ಪಿಸ್ಟನ್ನಿನ ಅಲ್ಯುಮಿನಿಯಂ. ಹೆಡ್ ಬಿಚ್ಚಲೇಬೇಕು.

ಮೊದಲು ಕೇಳಿದವರಿಗೂ ಇದೇ ಲೆಕ್ಕ ಇನ್ನೊಂದು ವಿಷಯ ಹೇಳುತ್ತದೆ. ಕಾರ್ಖಾನೆಯ 54 ಎಚ್‌ಪಿ ನಿಮ್ಮೂರಿನ ಎತ್ತರದಲ್ಲಿ 48ರ ಹತ್ತಿರ. ಏರಿನಲ್ಲಿ ಏದುಸಿರಿಗೆ ಅದೂ ಒಂದು ಕಾರಣ.

ಪ್ರಶ್ನೆ: ವಿಂಟೇಜ್ ನೋಂದಣಿ (ವಿಎ ನಂಬರ್) ಮಾಡಿಸಬೇಕೆಂದಿದೆ. ಬ್ಲೋವರ್ ಇದ್ದರೆ ತೊಂದರೆಯೇ?

ಉತ್ತರ (ಎಂಜಿನ್ ರೀಬಿಲ್ಡ್ ಮಾಡುವವರು): ತೊಂದರೆ ಆಗಬಹುದು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಶೊರಾಕ್ ಆ ಕಾಲದ್ದೇ ಅಂತ ನೀವು ವಾದಿಸಬಹುದು, ಆದರೆ ಆ ವಿನಾಯಿತಿ ನಿಯಮದಲ್ಲಿ ಬರೆದಿಲ್ಲ. ನೋಂದಣಿ ಮುಗಿಯುವ ತನಕ ಬ್ಲೋವರ್ ಪೆಟ್ಟಿಗೆಯಲ್ಲೇ ಇರಲಿ, ಆಮೇಲೆ ಹಾಕುವ ಮುನ್ನವೂ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಏನೇ ಆಗಲಿ, ಬ್ಲಾಕಿಗೆ ಹೊಸ ತೂತು ಕೊರೆಯಬೇಡಿ, ಬ್ರ್ಯಾಕೆಟ್ ಇರುವ ಬೋಲ್ಟಿನ ಜಾಗಕ್ಕೇ ಕೂರಲಿ.

ಪ್ರಶ್ನೆ: ಸರ್, ಹೆಡ್ ಬಿಚ್ಚಿ ಅಳೆದೆ. ಗ್ಯಾಸ್ಕೆಟ್ ಸೇರಿ ಒಟ್ಟು 43 ಸಿಸಿ ಬಂತು, ನಾಲ್ಕೂ ಹೆಚ್ಚುಕಡಿಮೆ ಒಂದೇ. ಎರಡು ಗ್ಯಾಸ್ಕೆಟ್ ಹಾಕಿದರೆ ಸರಿಹೋಗುತ್ತದೆ ಅಂತ ಇಲ್ಲಿನ ಮೆಕ್ಯಾನಿಕ್ ಹೇಳುತ್ತಾರೆ.

ಉತ್ತರ (ಎಂಜಿನ್ ರೀಬಿಲ್ಡ್ ಮಾಡುವವರು): ಅಂದರೆ ನಿಮ್ಮದು ಈಗ 8.3 ಅನುಪಾತ. 5 ಪಿಎಸ್‌ಐ ಹಾಕಿದರೆ ಬೆಂಗಳೂರಿನಲ್ಲಿ 10.2, ಕರಾವಳಿಯಲ್ಲಿ 11.4ರ ಲೆಕ್ಕ. ಈ ಹೆಡ್ಡಿನ ಮೇಲೆ ಹಾಗೇ ಹಾಕಬೇಡಿ. ಎರಡು ಗ್ಯಾಸ್ಕೆಟ್ ಬೇಡವೇ ಬೇಡ. 43ನ್ನು 50ಕ್ಕೆ ಏರಿಸುವ 7 ಸಿಸಿ ಸಿಗಲು 2 ಮಿಮೀ ದಪ್ಪ ಬೇಕು, ಮೆತ್ತನೆಯ ಎರಡು ಪದರ ಬ್ಲೋವರ್ ಒತ್ತಡಕ್ಕೆ ನಿಲ್ಲುವುದಿಲ್ಲ, ಎರಡು ಸಿಲಿಂಡರಿನ ನಡುವೆ ಊದಿಕೊಂಡು ಹೋಗುತ್ತದೆ. ಪುಲ್ಲಿ ಅನುಪಾತ 1.2ಕ್ಕೆ ಇಳಿಸಿದರೆ 2 ಪಿಎಸ್‌ಐ ಕೂಡ ಸಿಗದು, ಅಷ್ಟಕ್ಕೆ ಇಷ್ಟೆಲ್ಲ ಯಾಕೆ?

ದಾರಿ ಎರಡು. ಹೆರೆಯದ ಇನ್ನೊಂದು ಹೆಡ್ ಹುಡುಕಿ. ಇಲ್ಲವಾದರೆ, ಬೋರ್ ಮಾಡಿಸುವ ಸಮಯ ಹೇಗೂ ಹತ್ತಿರ ಬಂದಿದ್ದರೆ, ತಲೆಯಲ್ಲಿ ಗುಳಿ ಇರುವ ಹೊಸ ಫೋರ್ಜ್ಡ್ ಪಿಸ್ಟನ್ ಮಾಡಿಸಿ. 50 ಮಿಮೀ ವ್ಯಾಸ, 3.6 ಮಿಮೀ ಆಳದ ಗುಳಿಗೆ 7 ಸಿಸಿ ಸಿಗುತ್ತದೆ. ಬೋರ್ ದೊಡ್ಡದಾದಷ್ಟೂ ಗುಳಿಯೂ ತುಸು ದೊಡ್ಡದು ಬೇಕು, ಆರ್ಡರ್ ಕೊಡುವ ಮೊದಲು ಹೊಸ ಬೋರಿನ ಅಳತೆ ಇಲ್ಲಿ ಹಾಕಿ, ಲೆಕ್ಕ ಮಾಡಿಕೊಡುತ್ತೇನೆ. ಈಗಿರುವ ಪಿಸ್ಟನ್ನನ್ನೇ ಲೇತಿಗೆ ಕೊಟ್ಟು ಗುಳಿ ತೋಡಿಸಬೇಡಿ. ಎರಕದ ಪಿಸ್ಟನ್ನಿನ ತಲೆ ಅಷ್ಟು ದಪ್ಪ ಇರುವುದಿಲ್ಲ.