ಗ್ಯಾಲಿಯಂ ಮೊನೊಅಯೋಡೈಡ್ ಹಸಿರಾಗ್ತಿಲ್ಲ, ಮಾಡಿದವರು ಅನುಭವ ಹೇಳಿ

ಕೇಳಿದವರು (ಧಾರವಾಡ, ಪಿಎಚ್‌ಡಿ ಎರಡನೇ ವರ್ಷ):
ಗ್ಯಾಲಿಯಂ 1 ಗ್ರಾಂ, ಅಯೋಡಿನ್ 1.82 ಗ್ರಾಂ, ದ್ರಾವಕವಾಗಿ ಒಣಗಿಸಿದ ಟಾಲ್ವಿನ್. ಆರ್ಗಾನ್ ತುಂಬಿದ ಷ್ಲೆಂಕ್ ಫ್ಲಾಸ್ಕ್ (ಗಾಳಿ ತಾಗದಂತೆ ಕೆಲಸ ಮಾಡುವ ಗಾಜಿನ ಪಾತ್ರೆ) ಅಲ್ಟ್ರಾಸೌಂಡ್ ಬಾತ್‌ನಲ್ಲಿ ಎರಡು ದಿನದಿಂದ ಇದೆ. ಅಯೋಡಿನ್‌ನ ನೇರಳೆ ಬಣ್ಣ ಹೋಗಿದೆ, ಆದರೆ ತಿಳಿ ಹಸಿರು ಪುಡಿ ಬಂದಿಲ್ಲ. ತಳದಲ್ಲಿ ಲೋಹದ ಉಂಡೆ ಹಾಗೇ ಕೂತಿದೆ. ಟಾಲ್ವಿನ್ ಬಿಸಿಯಾಗಬಾರದು ಅಂತ ಬಾತ್‌ನ ನೀರನ್ನು ಗಂಟೆಗೊಮ್ಮೆ ಬದಲಾಯಿಸುತ್ತಿದ್ದೇನೆ. ಮುಂದೆ ಇದರಿಂದ ನ್ಯಾಕ್‌ನ್ಯಾಕ್ ಲಿಗ್ಯಾಂಡ್ (ಎರಡು ನೈಟ್ರೋಜನ್‌ನಿಂದ ಲೋಹವನ್ನು ಹಿಡಿಯುವ ಗುಂಪು) ಇರುವ ಗ್ಯಾಲಿಯಂ(1), ಅಂದರೆ +1 ಸ್ಥಿತಿಯ ಗ್ಯಾಲಿಯಂ ಸಂಯುಕ್ತ, ಮಾಡಬೇಕು. ಏನು ತಪ್ಪಾಗಿದೆ?

ಉತ್ತರ (ಹುಬ್ಬಳ್ಳಿ, ಈಗ ಕಾಲೇಜಿನಲ್ಲಿ ಪಾಠ):
ತಮ್ಮಾ, ಎಲ್ಲಕ್ಕಿಂತ ಮೊದಲು ಬಾತ್‌ಗೆ ಥರ್ಮಾಮೀಟರ್ ಇಡು. ಗ್ಯಾಲಿಯಂ ಕರಗೋದು 29.8 ಡಿಗ್ರಿಗೆ. ಏಪ್ರಿಲ್‌ನಲ್ಲಿ ನಮ್ಮ ಊರಲ್ಲಿ ಬಾಟಲಿಯಲ್ಲೇ ನೀರಾಗಿರುತ್ತದೆ, ಯಾರೂ ಯೋಚನೆ ಮಾಡಲ್ಲ. ಈಗ ಜುಲೈ, ಜಿಟಿಜಿಟಿ ಮಳೆ. ಅದರ ಮೇಲೆ ನೀನು ತಣ್ಣೀರು ಬೇರೆ ಸುರಿಯುತ್ತಿದ್ದೀಯ. ಗಟ್ಟಿ ಉಂಡೆಯನ್ನು ಅಲ್ಟ್ರಾಸೌಂಡ್ ಏನೂ ಮಾಡಲ್ಲ. ಕರಗಿದ್ದರೆ ಮಾತ್ರ ಸಣ್ಣ ಹನಿಗಳಾಗಿ ಒಡೆದು ಟಾಲ್ವಿನ್‌ನಲ್ಲಿ ಹರಡುತ್ತದೆ. ನೀರನ್ನು 35–40 ಡಿಗ್ರಿಯಲ್ಲಿ ಇಟ್ಟುಕೊಂಡರೆ ಸಾಕು. ಟಾಲ್ವಿನ್ ಕುದಿಯೋದು 110ಕ್ಕೆ, ಹೆದರಬೇಡ.

ಇನ್ನೊಂದು ಮಾತು. ಈ ಹಸಿರು ಪುಡಿಯನ್ನು 1990ರಲ್ಲಿ ಆಕ್ಸ್‌ಫರ್ಡ್‌ನ ಮಾಲ್ಕಮ್ ಗ್ರೀನ್ ಅವರ ಗುಂಪು ಹೀಗೇ ಅಲ್ಟ್ರಾಸೌಂಡ್‌ನಿಂದ ಮಾಡಿತು. ಹೆಸರು ಮೊನೊಅಯೋಡೈಡ್ ಅಂತಿದ್ದರೂ ಅದು ಒಂದೇ ವಸ್ತು ಅಲ್ಲ. ರಾಮನ್ ರೋಹಿತ ನೋಡಿದರೆ ಅದರಲ್ಲಿ ಗ್ಯಾಲಿಯಂ(1) ಅಯಾನು ಇದೆ, ಎರಡು ಗ್ಯಾಲಿಯಂ ಕೈ ಹಿಡಿದಿರುವ ಅಯೋಡೈಡ್ ಅಯಾನೂ ಇದೆ, ಜೊತೆಗೆ ಬರಿ ಲೋಹ. ಬೇಗ ನಿಲ್ಲಿಸಿದರೆ ಒಂದು ಥರ, ತಡವಾಗಿ ನಿಲ್ಲಿಸಿದರೆ ಇನ್ನೊಂದು ಥರ. ಪ್ರತಿ ಸಲ ಎಷ್ಟು ಹೊತ್ತು ಇಟ್ಟೆ, ನೀರು ಎಷ್ಟು ಬಿಸಿ ಇತ್ತು, ಬರೆದಿಡು. ನಾನು ಬರೆದಿಡಲಿಲ್ಲ. ಒಳ್ಳೆ ಇಳುವರಿ ಬಂದ ಬ್ಯಾಚ್ ಮತ್ತೆ ಬರಲೇ ಇಲ್ಲ, ಅದಕ್ಕೆ ನನ್ನದೇ ಆರು ತಿಂಗಳು ಹೋಯಿತು.

ಉತ್ತರ (ಗದಗ):
ಟಿಎಚ್‌ಎಫ್ ದ್ರಾವಕ ಮುಟ್ಟಬೇಡಿ! ಅದರಲ್ಲಿ ಗ್ಯಾಲಿಯಂ(1) ಮೂರು ಸೇರಿ ಎರಡು ಲೋಹ, ಒಂದು ಗ್ಯಾಲಿಯಂ(3) ಆಗಿಬಿಡುತ್ತದೆ. ಫ್ಲಾಸ್ಕ್ ಬೂದು ಬಣ್ಣಕ್ಕೆ ತಿರುಗಿದರೆ ಅದೇ.

ಉತ್ತರ (ಧಾರವಾಡ):
ಲಿಗ್ಯಾಂಡ್‌ನ ಲಿಥಿಯಂ ಲವಣ ಸೇರಿಸುವಾಗ ಚೆನ್ನಾಗಿ ತಣ್ಣಗಿರಲಿ. ನಮಗೆ ಡ್ರೈ ಐಸ್ ಬೇಕಾದ ದಿನ ಸಿಗುತ್ತಿರಲಿಲ್ಲ. ಈಥೈಲ್ ಅಸಿಟೇಟ್‌ಗೆ ದ್ರವ ಸಾರಜನಕ ಹನಿಸಿ ಕಲಕಿದರೆ ಮೈನಸ್ 84ರ ಗಂಜಿ ಆಗುತ್ತದೆ. ದ್ರವ ಸಾರಜನಕ ಎಮ್ಮೆಗಳ ಗರ್ಭಧಾರಣೆಗೆ ಒಯ್ಯುವ ಕ್ಯಾನಿನಂಥದ್ದರಲ್ಲೇ ಬರುತ್ತಿತ್ತು. ಪೇಢೆಗೂ ನಮ್ಮ ಸಂಶೋಧನೆಗೂ ಎಮ್ಮೆಯೇ ಆಧಾರ ಅಂತ ನಗುತ್ತಿದ್ದೆವು. ಆದರೆ ಆರ್ಗಾನ್ ತುಂಬಿದ ಫ್ಲಾಸ್ಕನ್ನು ನೇರ ದ್ರವ ಸಾರಜನಕದಲ್ಲಿ ಮುಳುಗಿಸಬೇಡಿ. ಒಳಗೆ ಆರ್ಗಾನ್ ಹೆಪ್ಪುಗಟ್ಟುತ್ತದೆ, ಆಮೇಲೆ ಬಿಸಿಯಾದಾಗ ಒಮ್ಮೆಲೇ ಹಿಗ್ಗಿ ಸಿಡಿಯುತ್ತದೆ.

ಉತ್ತರ (ಹಾವೇರಿಯವರು, ಸ್ಫಟಿಕ ರಚನೆ ನೋಡುವ ಕೆಲಸ):
ಜನ ಹೆಚ್ಚು ಮೋಸ ಹೋಗುವುದು ಕೊನೆಯಲ್ಲಿ. ಗ್ಯಾಲಿಯಂ-71 ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜದ ಸಂಕೇತ ನೋಡುವ ಪರೀಕ್ಷೆ) ಮೈನಸ್ 450 ಪಿಪಿಎಂ ಹತ್ತಿರ ಚೂಪು ಪೀಕ್ ಬಂತು, ಗ್ಯಾಲಿಯಂ(1) ಸಿಕ್ಕಿತು ಅಂತ ಕುಣಿಯಬೇಡಿ. ಅದು ಟೆಟ್ರಾಅಯೋಡೋಗ್ಯಾಲೇಟ್, ಅಂದರೆ ಗ್ಯಾಲಿಯಂ(3). ಒಂಟಿ ಗ್ಯಾಲಿಯಂ(1) ಅಯಾನು ಇನ್ನೂ ಕೆಳಗೆ, ಮೈನಸ್ 700ರ ಆಸುಪಾಸು ಬರುತ್ತದೆ. ನಿಮ್ಮ ನ್ಯಾಕ್‌ನ್ಯಾಕ್ ಸಂಯುಕ್ತದಲ್ಲಿ ಸಮರೂಪತೆ ಕಡಿಮೆ, ಪೀಕ್ ಹರಡಿ ಕಾಣದೇ ಹೋಗಬಹುದು. ಪೀಕ್ ಇಲ್ಲ ಅಂದರೆ ವಸ್ತು ಇಲ್ಲ ಅಂತಲ್ಲ.

ಎಕ್ಸ್‌ರೇ ಬಂದ ಮೇಲೆ ಬಂಧದ ಉದ್ದ ನೋಡಿ. 2000ರಲ್ಲಿ ರಸಾಯನಶಾಸ್ತ್ರಜ್ಞ ಫಿಲಿಪ್ ಪವರ್ ಅವರ ಗುಂಪು ಮಾಡಿದ ಇಂಥದ್ದೇ ಗ್ಯಾಲಿಯಂ(1) ಸಂಯುಕ್ತದಲ್ಲಿ ಗ್ಯಾಲಿಯಂ–ನೈಟ್ರೋಜನ್ ದೂರ ಸುಮಾರು 2.05 ಆಂಗ್‌ಸ್ಟ್ರಾಮ್. ಅದೇ ಲಿಗ್ಯಾಂಡ್‌ನ ಗ್ಯಾಲಿಯಂ(3) ಹ್ಯಾಲೈಡ್‌ಗಳಲ್ಲಿ 1.9ರ ಮೇಲೆ ಸ್ವಲ್ಪ. ನಿಮ್ಮದು 1.93 ಬಂದರೆ ಅನುಮಾನ ಪಡಿ. ಒಬ್ಬ ಹುಡುಗ ತಂದ ರಚನೆಯಲ್ಲಿ ಗ್ಯಾಲಿಯಂ ಮೇಲೆ ಏನೂ ಕಾಣುತ್ತಿರಲಿಲ್ಲ, ಬಂಧ ಮಾತ್ರ ಗಿಡ್ಡ. ಐಆರ್ (ಅವಗೆಂಪು ರೋಹಿತ) ತೆಗೆಸಿದೆವು. 1800ರಿಂದ 1950 ಸೆಂ.ಮೀ⁻¹ ನಡುವೆ ಎದ್ದು ಕಂಡಿತು, ಗ್ಯಾಲಿಯಂ–ಹೈಡ್ರೋಜನ್ ಬಂಧದ ಪೀಕ್. ಭಾರದ ಪರಮಾಣುವಿನ ಪಕ್ಕ ಹೈಡ್ರೋಜನ್‌ ಎಕ್ಸ್‌ರೇಗೆ ಸರಿಯಾಗಿ ಸಿಕ್ಕುವುದಿಲ್ಲ, ಅಲ್ವಾ. ಪಾಪ, ಪೇಪರ್ ಅರ್ಧ ಬರೆದಿದ್ದ.

ಸ್ಫಟಿಕವನ್ನು ಬೇರೆ ಊರಿಗೆ ಒಯ್ಯುವುದಾದರೆ ಗಾಜನ್ನು ಕರಗಿಸಿ ಸೀಲ್ ಮಾಡಿಸಿ. ರಬ್ಬರ್ ಮುಚ್ಚಳ ನಂಬಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿದ್ದೆ. ಬೆಳಿಗ್ಗೆ ನೋಡಿದರೆ ಹಳದಿ ಹರಳೆಲ್ಲ ಬಿಳಿ ಪುಡಿ.

ಉತ್ತರ (ಹುಬ್ಬಳ್ಳಿ, ಮೊದಲಿನವರೇ):
ಮರೆತಿದ್ದೆ. ಗ್ಯಾಲಿಯಂ ತೂಗುವಾಗ ಅಲ್ಯೂಮಿನಿಯಂ ತಟ್ಟೆ ಬೇಡ. ನಾವು ಹಾಗೆ ಇಟ್ಟ ತಟ್ಟೆ ಮರುದಿನ ಬಿಸ್ಕತ್ತಿನ ಥರ ಮುರಿಯಿತು.

ಕೇಳಿದವರು:
ಸರ್, ಬಾತ್ ನೋಡಿದೆ. 23 ಡಿಗ್ರಿ! ಹಾಸ್ಟೆಲ್ ಗೀಸರ್‌ನಿಂದ ಒಂದು ಬಕೆಟ್ ಬಿಸಿ ನೀರು ತಂದು ಹಾಕಿದೆ. ಉಂಡೆ ಈಗಷ್ಟೇ ಅಲುಗಾಡುತ್ತಿದೆ.