ಕ್ಲಾಸ್ ಪ್ರಾಜೆಕ್ಟ್ ಮಾಡಿಕೊಂಡೇ ಡಿಜಿಟಲ್ ಸ್ಕಲ್ಪ್ಟಿಂಗ್ ಕಲಿಯಬಹುದಾ? ಅನುಭವ ಇರುವವರು ಹೇಳಿ

ಮಂಡ್ಯದ ಅಕ್ಕ:
ತಮ್ಮ ಮೈಸೂರಿನಲ್ಲಿ ಅನಿಮೇಷನ್ ಡಿಗ್ರಿ ಎರಡನೇ ವರ್ಷ. ದಿನಾ ಮಂಡ್ಯದಿಂದ ರೈಲಿನಲ್ಲಿ ಹೋಗಿ ಬರುತ್ತಾನೆ. ಈ ಸೆಮಿಸ್ಟರ್‌ಗೆ ಚಾಮುಂಡಿ ಬೆಟ್ಟದ ನಂದಿ ಮತ್ತು ಒಬ್ಬ ಮುದುಕನ ಬಸ್ಟ್ (ಎದೆಯವರೆಗಿನ ಮೂರ್ತಿ) ಕಂಪ್ಯೂಟರ್‌ನಲ್ಲೇ ಕೆತ್ತಬೇಕಂತೆ. ಪ್ರಾಜೆಕ್ಟ್ ಮಾಡ್ತಾ ಮಾಡ್ತಾ ಕಲಿತುಬಿಡ್ತೀನಿ ಅಂತಾನೆ ಅವನು. ಹೊರಗೆ ಕೋಚಿಂಗ್‌ಗೆ ಸೇರಿಸೋಣ ಅಂತಾರೆ ಅಪ್ಪ. ಕೈಯಲ್ಲಿ 60,000 ಇದೆ, ಮನೆಯಲ್ಲಿ 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಇದೆ. ದುಡ್ಡು ಯಾವುದಕ್ಕೆ ಹಾಕೋದು?

ಸರಸ್ವತಿಪುರಂ ಹುಡುಗ:
ಕೋಚಿಂಗ್ ಹೆಸರೆತ್ತಬೇಡಿ ಮೇಡಂ. ನನ್ನ ಫೀಸು 1,40,000. ಸೇರುವಾಗ ತುಟಿ ಬಿಚ್ಚಲಿಲ್ಲ, ರಸೀದಿ ಹರಿಯುವಾಗ 18% ಜಿಎಸ್‌ಟಿ ಅಂತ 25,200 ಸೇರಿಸಿದರು. ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪೇ ಆಗಬೇಕು ಅಂದರು, ಅದು 92,000. ಪೆನ್ ಟ್ಯಾಬ್ಲೆಟ್ 4,800. ಒಟ್ಟು 2,62,000. ಅರ್ಧಕ್ಕಿಂತ ಜಾಸ್ತಿ ಚಿಕ್ಕಪ್ಪನ ಹತ್ತಿರ ತಂದ ಸಾಲ. ಆಮೇಲೆ ನೋಡಿದರೆ ಸ್ಕಲ್ಪ್ಟಿಂಗ್ ಸಾಫ್ಟ್‌ವೇರ್ ಝೀಬ್ರಷ್ ನಡೆಯೋದೇ ಪ್ರೊಸೆಸರ್ ಮತ್ತು ರ‍್ಯಾಮ್ ಮೇಲೆ. ಆ ಕಾರ್ಡ್ ಸುಮ್ನೆ ಕೂತಿರುತ್ತದೆ.

ಕಲಿಸಿದ್ದೇನು? ಸರ್ ರೆಕಾರ್ಡ್ ಮಾಡಿದ ವಿಡಿಯೋ ಹಾಕಿ ಫೋನ್ ಹಿಡಿದು ಆಚೆ ಹೋಗುತ್ತಿದ್ದರು. ಬಸ್ಟ್‌ಗೆ ಎಲ್ಲರಿಗೂ ಒಂದೇ ಬೇಸ್ ಮೆಶ್, ಅಂದರೆ ಮೊದಲೇ ತಯಾರಿದ್ದ ತಲೆಯ ಮಾಡೆಲ್, ಹಂಚಿದರು. ಮೂಗು ಸ್ವಲ್ಪ ಎಳೆದು, ಸುಕ್ಕಿನ ಆಲ್ಫಾ (ಅಚ್ಚಿನಂಥ ಚಿತ್ರ) ಒತ್ತಿದರೆ ಪ್ರಾಜೆಕ್ಟ್ ಮುಗಿಯಿತು. ನಮ್ಮ ಬ್ಯಾಚ್‌ನ ಮುದುಕರೆಲ್ಲ ಒಂದೇ ತಾಯಿ ಮಕ್ಕಳ ಹಾಗೆ ಕಾಣುತ್ತಿದ್ದರು. ಬೆಂಗಳೂರಿನಲ್ಲಿ ಗೇಮ್ ಕಂಪನಿಯೊಂದರ ಇಂಟರ್‌ವ್ಯೂಗೆ ಹೋದೆ. ಸ್ಕಲ್ಪ್ಟ್ ನೋಡಿ ಚೆನ್ನಾಗಿದೆ ಅಂದರು. ಮುಂದಿನ ಪ್ರಶ್ನೆ, ವೈರ್‌ಫ್ರೇಮ್ (ಮಾಡೆಲ್‌ನ ಗೆರೆಗಳ ಬಲೆ) ತೋರಿಸಿ. 40 ಲಕ್ಷ ಪಾಲಿಗನ್ (ಮೇಲ್ಮೈಯ ಚಿಕ್ಕ ಚಿಕ್ಕ ತುಂಡು) ಇರುವ ತಲೆಯನ್ನು ಹಾಗೇ ಗೇಮ್‌ಗೆ ತುರುಕೋಕಾಗಲ್ಲ. ರಿಟೋಪಾಲಜಿ ಮಾಡಿ, ಅಂದರೆ ಕಡಿಮೆ ಪಾಲಿಗನ್‌ನ ಹೊಸ ಬಲೆ ಹೆಣೆದು, ಇಳಿಸಬೇಕು, ಯುವಿ ಬಿಚ್ಚಬೇಕು (ಮೇಲ್ಮೈಯನ್ನು ಚಪ್ಪಟೆಯಾಗಿ ಹರಡಬೇಕು), ಸುಕ್ಕುಗಳನ್ನೆಲ್ಲ ನಾರ್ಮಲ್ ಮ್ಯಾಪ್ ಅನ್ನುವ ಚಿತ್ರಕ್ಕೆ ಬೇಕ್ ಮಾಡಬೇಕು (ಇಳಿಸಬೇಕು). ಮೂರರಲ್ಲಿ ಒಂದನ್ನೂ ಕಲಿಸಿರಲಿಲ್ಲ. ಕೇಳಿದ್ದಕ್ಕೆ ಅದು ಅಡ್ವಾನ್ಸ್ಡ್ ಕೋರ್ಸು, ಬೇರೆ ಫೀಸು ಅಂದರು.

ಬ್ಲೆಂಡರ್ ಭಕ್ತ:
ಎರಡೂವರೆ ಲಕ್ಷ ಕೊಟ್ಟು ಅಳೋದು ಯಾಕೆ ಗುರು? ನನ್ನದು ಬ್ಲೆಂಡರ್, ಪುಕ್ಕಟೆ ಸಾಫ್ಟ್‌ವೇರ್, ಖರ್ಚು ಸೊನ್ನೆ. 2019ರ ಕೊನೆಗೆ ಬಂದ 2.81 ಆವೃತ್ತಿಯಿಂದ ಅದರಲ್ಲಿ ವಾಕ್ಸೆಲ್ ರೀಮೆಶ್ (ಮೇಲ್ಮೈಯ ಬಲೆಯನ್ನು ಸಮನಾಗಿ ಮತ್ತೆ ಹೆಣೆಯುವುದು) ಇದೆ. ಝೀಬ್ರಷ್ ಈಗ ಮ್ಯಾಕ್ಸಾನ್ ಕಂಪನಿ ಕೈಯಲ್ಲಿ, ವರ್ಷ ವರ್ಷ ಬಾಡಿಗೆ.

ನಾನೂ ಕ್ಲಾಸ್ ಪ್ರಾಜೆಕ್ಟ್‌ಗೆ ಅದೇ ನಂದಿ ಮಾಡಿದವನು. ಎಲ್ಲರೂ ಎಡವುವುದು ಫೋಟೋದಲ್ಲಿ. ಸುಮಾರು 16 ಅಡಿ ಎತ್ತರದ ವಿಗ್ರಹ. ಬುಡದಲ್ಲಿ ನಿಂತು ಮೊಬೈಲ್ ಮೇಲೆತ್ತಿ ತೆಗೆದರೆ ಮೂತಿ ದಪ್ಪ, ಡುಬ್ಬ ಮಾಯ. ಅದನ್ನೇ ನೋಡಿಕೊಂಡು ಕೆತ್ತಿದರೆ ಎದುರಿಂದ ನಂದಿ, ಪಕ್ಕಕ್ಕೆ ತಿರುಗಿಸಿದರೆ ಯಾವುದೋ ಪ್ರಾಣಿ. ನಾನು ಆದಷ್ಟು ದೂರ ಹೋಗಿ ಝೂಮ್ ಹಾಕಿ ತೆಗೆದೆ. ಬ್ಲೆಂಡರ್‌ನ ವ್ಯೂಪೋರ್ಟ್ (ಮಾಡೆಲ್ ಕಾಣುವ ಕಿಟಕಿ) ಲೆನ್ಸ್ 50 ಎಂಎಂ ಇರುತ್ತದೆ, ಅದನ್ನು 85ಕ್ಕೆ ಏರಿಸಿಕೊಂಡೆ. ಇನ್ನೊಂದು ಗುಂಪಿನವರು ನೂರಾರು ಫೋಟೋ ತೆಗೆದು, ಫೋಟೋಗಳಿಂದಲೇ 3ಡಿ ಮಾಡೆಲ್ ಕಟ್ಟುವ ಫೋಟೋಗ್ರಾಮೆಟ್ರಿಗೆ ಹಾಕಿದರು. ಎಣ್ಣೆ ಕುಡಿದ ಕಪ್ಪು ಕಲ್ಲು, ಮೇಲೆ ಹೊಳಪು. ಸಾಫ್ಟ್‌ವೇರ್‌ಗೆ ಹಿಡಿತವೇ ಸಿಗಲಿಲ್ಲ, ಬೆನ್ನಿನ ಮೇಲೆಲ್ಲ ತೂತು ಬಂತು.

ಮೈ, ಮಡಚಿದ ಕಾಲು, ಗಂಗೆದೊಗಲು, ಗಂಟೆಸರ ಎಲ್ಲ ನಾನೇ ಮಾಡಿದ್ದು. ಗುಂಪಿನಲ್ಲಿ ಐದು ಜನ, ಎಲ್ಲರಿಗೂ ಒಂದೇ ಮಾರ್ಕ್ಸ್. ಇದು ನಮ್ಮ ಕ್ಲಾಸ್ ಪ್ರಾಜೆಕ್ಟ್‌ಗಳ ಯೋಗ್ಯತೆ.

ಕುವೆಂಪುನಗರದವಳು:
ಗಂಟೆಸರ ಯಾರು ಮಾಡಿದ್ದು ಅಂತ ಇನ್ನೊಂದು ಸಲ ಹೇಳಿ?

ಮಣ್ಣಿನ ಕೈ:
ಮೌಸ್ ಹಿಡಿಯುವ ಮೊದಲು ಮಣ್ಣು ಹಿಡಿಯಿರಿ ಅಂತ ಹೇಳಿ ಹೇಳಿ ಸಾಕಾಯಿತು. ನಮ್ಮೂರಿನ ಅರುಣ್ ಯೋಗಿರಾಜ್ ಅವರನ್ನೇ ನೋಡಿ. ಎಂಬಿಎ ಓದಿದವರು, ಕೆಲಸ ಬಿಟ್ಟು ಮನೆತನದ ಉಳಿಗೆ ವಾಪಸ್ ಬಂದರು. 2024ರಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆ ಆದ ಬಾಲರಾಮ ಅವರ ಕೈಯದು. ಸೋಮನಾಥಪುರಕ್ಕೆ ಹೋಗಿ ನೋಡಿ, ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರನ್ನು ಕಲ್ಲಿನ ಮೇಲೇ ಬರೆದು ಹೋಗಿದ್ದಾನೆ. ಅವನಿಗೆ ಅನ್‌ಡೂ ಬಟನ್ ಇತ್ತಾ?

ನಾನು ಮಣ್ಣಿನಲ್ಲಿ ತಲೆ ಮಾಡಿ ಮಾಡಿ ಆಮೇಲೆ ಕಂಪ್ಯೂಟರ್‌ಗೆ ಬಂದವನು. ಕೆನ್ನೆಯ ಮೂಳೆ ಎಲ್ಲಿ ತಿರುಗುತ್ತದೆ, ಕಣ್ಣುಗುಡ್ಡೆ ಎಷ್ಟು ಒಳಗೆ ಕೂರುತ್ತದೆ ಅಂತ ಬೆರಳಿಗೆ ಗೊತ್ತು. ಈಗಿನ ಮಕ್ಕಳು ದೊಡ್ಡ ಆಕಾರ ಕೂರುವ ಮೊದಲೇ ಪಾಲಿಗನ್ ಹೆಚ್ಚಿಸುವ ಸಬ್‌ಡಿವೈಡ್ ಒತ್ತಿ ಒತ್ತಿ ಚರ್ಮದ ರಂಧ್ರ ಕೆತ್ತುತ್ತಾರೆ. ತಲೆಬುರುಡೆಯೇ ಸೊಟ್ಟಗಿದ್ದರೆ ರಂಧ್ರ ಕಟ್ಟಿಕೊಂಡು ಏನು ಮಾಡೋಣ?

ಸರಸ್ವತಿಪುರಂ ಹುಡುಗ:
ಸಾರ್, ಎಲ್ಲಿ ಹೋದರೂ ಅದೇ ಉದಾಹರಣೆ. ಅವರ ಮನೆಯಲ್ಲಿ ತಲೆಮಾರುಗಳಿಂದ ಶಿಲ್ಪಿಗಳು. ನಮ್ಮಪ್ಪ ಬಸ್ ಕಂಡಕ್ಟರ್. ಮಣ್ಣು ಮೆತ್ತಿಕೊಂಡು ಕೂತರೆ ಸಾಲದ ಕಂತು ನೀವು ಕಟ್ತೀರಾ?

ಪಾಠ ಮಾಡುವವ:
ಬೈದಿದ್ದು ಸಾಕು, ನಾನು ಇಂಥದ್ದೇ ಕ್ಲಾಸ್ ತೆಗೆದುಕೊಳ್ಳುವವನು. ಒಂದು ಲ್ಯಾಬ್ ತುಂಬಾ ಮಕ್ಕಳು, ಒಬ್ಬನೇ ಮೇಷ್ಟ್ರು. ಪ್ರತಿ ತಲೆಯ ಕಿವಿ ನೋಡಿ ತಿದ್ದೋಕೆ ಆಗುತ್ತಾ? ಆದರೂ ಕೆಂಪು ಗೆರೆ ಎಳೆದು ಕಳಿಸುತ್ತೇನೆ. ಕಿವಿ ಹುಬ್ಬಿನಿಂದ ಮೂಗಿನ ಬುಡದವರೆಗೆ ಬರಬೇಕು, ದವಡೆಯ ಹಿಂದೆ ಹಿಂದಕ್ಕೆ ವಾಲಿರಬೇಕು ಅಂತ ಬರೆಯುತ್ತೇನೆ. ತಿದ್ದಿಕೊಂಡು ಬಾ ಅಂದರೆ ಬರುವವರು ಒಬ್ಬಿಬ್ಬರು. ಉಳಿದವರು ಮಾರ್ಕ್ಸ್ ಹಾಕಿದ ದಿನವೇ ಫೈಲ್ ಅಳಿಸಿರುತ್ತಾರೆ. ಆಮೇಲೆ ಏನೂ ಕಲಿಸಲಿಲ್ಲ ಅಂತ ಇಲ್ಲಿ ಬಂದು ಬರೆಯುತ್ತಾರೆ. ಹಿಂತಿರುಗಿ ಬಂದ ಆ ಒಬ್ಬಿಬ್ಬರಿಗೆ ಕ್ಲಾಸ್ ಪ್ರಾಜೆಕ್ಟೇ ಸಾಕಾಯಿತು. ಬೇರೆಯವರಿಗೆ ಯಾವ ಕೋಚಿಂಗೂ ಸಾಲದು.

ಸರಸ್ವತಿಪುರಂ ಹುಡುಗ:
ನಮ್ಮ ಸರ್ ಕೆಂಪು ಗೆರೆಯನ್ನೂ ಎಳೆಯಲಿಲ್ಲ, ಹಸಿರು ಗೆರೆಯನ್ನೂ ಎಳೆಯಲಿಲ್ಲ.

ಮಂಡ್ಯದ ಅಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಆ 8 ಜಿಬಿ ಲ್ಯಾಪ್‌ಟಾಪ್ ಸಾಕಾ ಅಂತ ಯಾರಾದರೂ ಹೇಳ್ತೀರಾ?

ರೆಸಿನ್ ವಾಸನೆ:
ಸ್ಲಾಟ್ ಇದ್ದರೆ 16 ಮಾಡಿಸಿ ಅಕ್ಕ, ಬ್ಲೆಂಡರ್‌ಗೆ ಸದ್ಯಕ್ಕೆ ನಡೆಯುತ್ತದೆ. ಒಂದು ಪೆನ್ ಟ್ಯಾಬ್ಲೆಟ್ ಕೊಡಿಸಿ, ಮೌಸ್‌ನಲ್ಲಿ ಒತ್ತಡ ಗೊತ್ತಾಗಲ್ಲ. ಮಿಕ್ಕ ದುಡ್ಡು ಹಾಗೇ ಇರಲಿ.

ಆದರೆ ಪ್ರಾಜೆಕ್ಟನ್ನು 3ಡಿ ಪ್ರಿಂಟ್ ತೆಗೆಯಿರಿ ಅಂತ ಯಾರಾದರೂ ಅಂದರೆ ಹುಷಾರು. ನಮ್ಮ ಕಾಲೇಜಿನಲ್ಲಿ ಅಂದರು. ಪರದೆ ಮೇಲೆ ಚೆನ್ನಾಗಿದ್ದ ನನ್ನ ಗಣಪನ ಒಳಗೆಲ್ಲ ಒಂದರೊಳಗೊಂದು ತೂರಿದ ತುಂಡುಗಳು. ಪ್ರಿಂಟರ್‌ಗೆ ಫೈಲ್ ಸಿದ್ಧ ಮಾಡುವ ಸ್ಲೈಸರ್ ಬರೀ ಎರರ್ ತೋರಿಸಿತು. ಎಲ್ಲ ಸೇರಿಸಿ ರೀಮೆಶ್ ಮಾಡಿದರೆ ಆಭರಣದ ಚೂಪೆಲ್ಲ ಕರಗಿತು. ಪ್ರಿಂಟ್‌ಗೆ ಬಳಸುವ ದ್ರವ ರೆಸಿನ್ ಉಳಿಸೋಣ ಅಂತ ಒಳಗೆ ಟೊಳ್ಳು ಮಾಡಿಸಿದೆ. ತಳದಲ್ಲಿ ತೂತು ಬಿಡಬೇಕು ಅಂತ ಅಂಗಡಿಯವನು ಹೇಳಲೇ ಇಲ್ಲ. ಒಳಗೆ ಹಸಿ ರೆಸಿನ್ ಉಳಿದು, ಸ್ವಲ್ಪ ದಿನಕ್ಕೆ ಹೊಟ್ಟೆ ಸೀಳಿ ಜಿನುಗಿತು. ಮೊದಲ ಪ್ರಿಂಟ್ 2,800. ಎರಡನೆಯದು 3,100, ಅದರ ದಂತ ಸಪೋರ್ಟ್ (ಆನಿಕೆ ಕಡ್ಡಿ) ಕೀಳುವಾಗಲೇ ಮುರಿಯಿತು. ಮೂರನೆಯದಕ್ಕೆ ಅರ್ಧ ದುಡ್ಡು ನೀವು ಕೊಡಿ ಅಂತ ಜಗಳ ಆಡಿದೆ, ಕೊಡಲಿಲ್ಲ.

ಮಣ್ಣಿನ ಕೈ:
ಅದೇ ಗಣಪನನ್ನು ಮಣ್ಣಿನಲ್ಲಿ ಮಾಡಿದ್ದರೆ 200 ರೂಪಾಯಿ.

ರೆಸಿನ್ ವಾಸನೆ:
ಮಣ್ಣಿನ ಗಣಪನ ಎಸ್‌ಟಿಎಲ್ (3ಡಿ ಮಾಡೆಲ್) ಫೈಲ್ ಅಪ್‌ಲೋಡ್ ಮಾಡಿ ಅಂತ ಕಾಲೇಜಿನ ಪೋರ್ಟಲ್ ಕೇಳಿದರೆ ಏನು ಹಾಕಲಿ ಸಾರ್, ನಿಮ್ಮ ಫೋಟೋನಾ?

ಬ್ಲೆಂಡರ್ ಭಕ್ತ:
ಕುವೆಂಪುನಗರದವರೇ, ಗಂಟೆಸರದ ಐಡಿಯಾ ನನ್ನದು. ಒಂದು ಗಂಟೆ ಮಾಡಿ ಕರ್ವ್ (ಬಾಗಿದ ಗೆರೆ) ಮೇಲೆ ಅರ್ರೇ (ಸಾಲಾಗಿ ನಕಲು) ಹಾಕು ಅಂತ ಹೇಳಿದ್ದು ನಾನೇ ಅಲ್ವಾ?

ಕುವೆಂಪುನಗರದವಳು:
ಅರ್ರೇ ಹಾಕಿದರೆ ಎಲ್ಲ ಗಂಟೆಗಳೂ ಒಂದೇ ಅಚ್ಚು ಆಗುತ್ತವೆ, ಕಲ್ಲಿನಲ್ಲಿ ಹಾಗಿಲ್ಲ ಅಂತ ಸರ್ ವಾಪಸ್ ಕಳಿಸಿದ್ದು ಮರೆತುಹೋಯಿತಾ? ಆಮೇಲೆ ಆ ಅರ್ರೇ ಮಾಡಿಫೈಯರ್ ಅಪ್ಲೈ ಮಾಡಿ, ಒಂದೊಂದನ್ನೂ ಬಿಡಿಸಿ ಕೈಯಾರೆ ಕೆತ್ತಿದ್ದು ನಾನು. ಅವತ್ತು ನೀವು ಊರಲ್ಲೇ ಇರಲಿಲ್ಲ. ಫೈಲ್ ನನ್ನ ಹತ್ತಿರ ಇದೆ. ಔಟ್‌ಲೈನರ್ ಅನ್ನುವ ಭಾಗಗಳ ಪಟ್ಟಿಯಲ್ಲಿ ಪ್ರತಿ ಗಂಟೆಗೂ ನನ್ನ ಹೆಸರು ಹಾಕಿಯೇ ಸೇವ್ ಮಾಡಿದ್ದೇನೆ. ಸ್ಕ್ರೀನ್‌ಶಾಟ್ ಹಾಕಲಾ?